ಹದಿನಾರಾಣೆಯೋ, ಹನ್ನೆರಡಾಣೆಯೋ? – 1906ರ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ವಿಮೆಯ ವ್ಯಾಜ್ಯ

(ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಬೇವುಬೆಲ್ಲ ಹಂಚಿದ ಬೆನ್ನಲ್ಲೇ ವಿಮೆಯ ವಿಷಯವನ್ನು ಎತ್ತುವುದು ಉಚಿತವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಈ ವಿಷಯವನ್ನು ನನಗೆ ಒದಗಿಸಿದುದು ಕಳೆದ ವರ್ಷ ಇದೇ ಸಭಾಂಗಣದಲ್ಲಿ, ಊಟದ ಸಾಲಿನಲ್ಲಿ ನಿಂತಾಗ ಕಿವಿಗೆ ಬಿದ್ದ ಒಂದು ಸಂಭಾಷಣೆ. ನೀರಿನ ಕೊಳವೆ ಒಡೆದು ಅಡುಗೆಮನೆಯೆಲ್ಲ ಹಾಳಾಗಿ, ಎಂಟು ತಿಂಗಳಿಂದ ಪತ್ರವ್ಯವಹಾರದಲ್ಲಿ ಬೇಸತ್ತಿದ್ದ ಹಿರಿಯರೊಬ್ಬರು, ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ದುಡಿಯುವ ತರುಣಿಯೊಬ್ಬಳನ್ನು ಕೇಳಿದರು: "ಕಂತು ಕಟ್ಟಿಸಿಕೊಳ್ಳುವಾಗ ಇರುವ ನಗು ಹಣ ಕೊಡುವಾಗ ಎಲ್ಲಿ ಹೋಗುತ್ತದಮ್ಮ?" ಆಕೆ ತಟ್ಟೆಯನ್ನು ಹಿಡಿದೇ ಹೇಳಿದಳು: "ಅಂಕಲ್, ಷರತ್ತು ಬರೆದವಳು ನಾನಲ್ಲ, ಹಣ ಇಟ್ಟುಕೊಂಡವಳೂ ನಾನಲ್ಲ. ಎರಡರ ನಡುವೆ ನಿಂತು ಬೈಸಿಕೊಳ್ಳುವವಳು ಮಾತ್ರ ನಾನು."

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಇದೇ ವಾಗ್ವಾದ ಒಮ್ಮೆ ಇಡೀ ನಗರವನ್ನೇ ವ್ಯಾಪಿಸಿತ್ತು. ಅದು ನಡೆದದ್ದು ದೂರದಲ್ಲೆಲ್ಲೂ ಅಲ್ಲ, ನಾವು ವಾರಾಂತ್ಯಗಳಲ್ಲಿ ಊರಿಂದ ಬಂದ ನೆಂಟರಿಗೆ ತೋರಿಸಲು ಕರೆದೊಯ್ಯುವ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಆ ಕಥೆಯನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

1906ನೆಯ ಇಸವಿ ಏಪ್ರಿಲ್ 18, ಬುಧವಾರ, ಬೆಳಗಿನ ಜಾವ 5 ಗಂಟೆ 12 ನಿಮಿಷ. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಪ್ರಬಲ ಕಂಪನ ನಗರವನ್ನು ನಡುಗಿಸಿತು. ಆದರೆ ನಗರದ ಬಹುಭಾಗವನ್ನು ನಾಶಮಾಡಿದುದು ಭೂಮಿಯ ನಡುಕವಲ್ಲ, ತರುವಾಯ ಹಬ್ಬಿದ ಬೆಂಕಿ. ನೆಲದಡಿಯ ನೀರಿನ ಕೊಳವೆಗಳು ಮುರಿದಿದ್ದುದರಿಂದ ಅಗ್ನಿಶಾಮಕ ದಳದವರು ಬರಿಗೈಯಲ್ಲಿ ನಿಲ್ಲಬೇಕಾಯಿತು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬುದು ನಮ್ಮ ಗಾದೆ. ಇಲ್ಲಿ ತೋಡಲು ಬಾವಿಯೂ ಇರಲಿಲ್ಲ. ಮೂರು ದಿನಗಳಲ್ಲಿ ಸುಮಾರು 28,000 ಕಟ್ಟಡಗಳು ನಾಶವಾದವು. ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನಿರ್ವಸಿತರಾದರು. ಮಡಿದವರ ಸಂಖ್ಯೆ 3,000ಕ್ಕೂ ಮಿಗಿಲೆಂದು ಇಂದಿನ ವಿದ್ವಾಂಸರು ಅಂದಾಜು ಮಾಡುತ್ತಾರೆ.

ವಿಮಾ ಕಂಪನಿಗಳಿಗೆ ಇದು ಅನಿರೀಕ್ಷಿತವಾಗಿರಲಿಲ್ಲವೆಂಬುದು ಗಮನಾರ್ಹ. 1905ರ ಅಕ್ಟೋಬರಿನಲ್ಲಿಯೇ ಅಗ್ನಿವಿಮೆಗಾರರ ರಾಷ್ಟ್ರೀಯ ಮಂಡಳಿಯು ಈ ನಗರವನ್ನು ಪರಿಶೀಲಿಸಿ, ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮರದ ಚೌಕಟ್ಟಿನವೆಂದೂ, ಊರು ಇದುವರೆಗೆ ಸುಟ್ಟುಹೋಗದಿರುವುದೇ ವಿಮಾಶಾಸ್ತ್ರದ ಸಂಪ್ರದಾಯಕ್ಕೆ ವಿರುದ್ಧವೆಂದೂ ವರದಿ ಮಾಡಿತ್ತು. ಅಪಾಯವನ್ನು ಅರಿತೇ ಕಂಪನಿಗಳು ಕಂತು ಪಡೆಯುತ್ತಿದ್ದವು.

ಈಗ ವ್ಯಾಜ್ಯದ ಮೂಲಕ್ಕೆ ಬರೋಣ. ಜನರ ಕೈಯಲ್ಲಿದ್ದುದು ಅಗ್ನಿವಿಮೆಯ ಪಾಲಿಸಿ. ಬೆಂಕಿಯಿಂದಾದ ನಷ್ಟವನ್ನು ಅದು ತುಂಬಿಕೊಡಬೇಕು. ಆದರೆ ಅಂದಿನ ಪಾಲಿಸಿಗಳಲ್ಲಿ ಎರಡು ಷರತ್ತುಗಳು ಅಡಗಿದ್ದವು. ಮೊದಲನೆಯದು ಬಹುತೇಕ ಎಲ್ಲ ಪಾಲಿಸಿಗಳಲ್ಲಿಯೂ ಇದ್ದದ್ದು: ಬೆಂಕಿಯ ಕಾರಣವಲ್ಲದೆ ಕಟ್ಟಡವಾಗಲಿ ಅದರ ಯಾವುದೇ ಭಾಗವಾಗಲಿ ಕುಸಿದುಬಿದ್ದರೆ ವಿಮೆ ಆ ಕ್ಷಣವೇ ರದ್ದಾಗತಕ್ಕದ್ದು. ಎರಡನೆಯದು ಕೆಲವೇ ಕಂಪನಿಗಳದು: ಭೂಕಂಪದಿಂದ ನೇರವಾಗಿ ಅಥವಾ ಪರೋಕ್ಷವಾಗಿ ಉಂಟಾದ ಯಾವ ನಷ್ಟಕ್ಕೂ ತಾವು ಹೊಣೆಯಲ್ಲ. ಬೆಂಕಿಯನ್ನು ತಡೆಯಲು ಸೈನ್ಯದವರು ಡೈನಮೈಟಿನಿಂದ ಸಿಡಿಸಿದ ಕಟ್ಟಡಗಳ ವಿಷಯದಲ್ಲಂತೂ ತೊಡಕು ಇನ್ನೂ ಹೆಚ್ಚಾಯಿತು. ಅದು ಬೆಂಕಿಯ ನಷ್ಟವೇ, ಸ್ಫೋಟದ ನಷ್ಟವೇ, ಸರ್ಕಾರದ ಆಜ್ಞೆಯಿಂದಾದ ನಷ್ಟವೇ?

ಹೀಗಾಗಿ ಸರ್ವಸ್ವವನ್ನೂ ಕಳೆದುಕೊಂಡವನಿಗೆ ಎದುರಾದ ಪ್ರಶ್ನೆ "ನಿನ್ನ ಮನೆ ಹೋಯಿತೆ?" ಎಂಬುದಲ್ಲ. "ಮೊದಲು ಬಿದ್ದು ಆಮೇಲೆ ಸುಟ್ಟಿತೋ, ಮೊದಲು ಸುಟ್ಟು ಆಮೇಲೆ ಬಿದ್ದಿತೋ?" ಎಂಬುದು. ಚಿಮಣಿಯೊಂದು ಉರುಳಿದರೆ ಕಟ್ಟಡದ "ಭಾಗ" ಬಿದ್ದಂತೆ ಆಗುತ್ತದೆಯೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಾವು ಕೇಳುತ್ತೇವೆ. ವಿಮೆಯ ಕಛೇರಿಯಲ್ಲಿ ಕನ್ನಡಿ ಬೇಕೇ ಬೇಕು. ಅದೂ ಹುಣ್ಣು ಯಾವ ಗಳಿಗೆಯಲ್ಲಿ ಆಯಿತೆಂದು ತೋರಿಸುವ ಕನ್ನಡಿ!

ಆ ಕನ್ನಡಿಯಾದರೂ ಎಲ್ಲಿತ್ತು? ಪಾಲಿಸಿಯ ಕಾಗದಗಳು ಮನೆಯೊಡನೆ ಬೂದಿಯಾಗಿದ್ದವು. ಎಚ್ಚರವಂತರು ಕಬ್ಬಿಣದ ತಿಜೋರಿಗಳಲ್ಲಿ ಇಟ್ಟಿದ್ದರು. ಆದರೆ ಆ ತಿಜೋರಿಗಳು ವಾರಗಟ್ಟಲೆ ಕಾದ ಕೆಂಡದಂತಿದ್ದವು. ತಾಳ್ಮೆಗೆಟ್ಟು ಬೇಗನೆ ತೆರೆದ ಕಡೆ, ಗಾಳಿ ಸೋಕಿದೊಡನೆಯೇ ಒಳಗಿನ ಕಾಗದಗಳು ಭುಗ್ಗೆಂದು ಹೊತ್ತಿಕೊಂಡವು. ಇತ್ತ ಪಾಲಿಸಿಯ ನಿಯಮದಂತೆ 60 ದಿನಗಳೊಳಗೆ ನಷ್ಟದ ಸಾಕ್ಷ್ಯಪತ್ರವನ್ನು ಸಲ್ಲಿಸಬೇಕು. ಉದ್ಯಾನದ ಡೇರೆಯಲ್ಲಿ ಕುಳಿತು, ಸುಟ್ಟುಹೋದ ಮನೆಯ ಪಾತ್ರೆಪಡಗ, ಬಟ್ಟೆಬರೆ, ಕುರ್ಚಿಮೇಜುಗಳ ಪಟ್ಟಿಯನ್ನು ಬೆಲೆಸಹಿತ ನೆನಪಿನಿಂದ ಬರೆಯುವ ಗೃಹಿಣಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ನಮ್ಮಲ್ಲಿ ಎಷ್ಟು ಜನ, ಈಗ ಇಲ್ಲಿ ಕುಳಿತು, ಮನೆಯ ಒಂದೇ ಒಂದು ಕೋಣೆಯ ಸಾಮಾನುಗಳ ಪಟ್ಟಿಯನ್ನು ತಪ್ಪಿಲ್ಲದೆ ಬರೆಯಬಲ್ಲೆವು?

ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲನ್ನೂ ನೋಡುವುದು ಇತಿಹಾಸಕಾರನ ಧರ್ಮ.

ಊರಿನಲ್ಲಿ ನಾವು ಸರ್ವೇಯರ್ ಎಂದು ಕರೆಯುವ ಅಧಿಕಾರಿಯನ್ನು ಈ ದೇಶದಲ್ಲಿ ಅಡ್ಜಸ್ಟರ್ ಎನ್ನುತ್ತಾರೆ. "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಎಂಬ ನಮ್ಮ ಬೆಂಗಳೂರಿನ ಮಂತ್ರವನ್ನು ವೃತ್ತಿಯಾಗಿಯೇ ಜಪಿಸುವವನು ಈತ! 1906ರ ಬೇಸಗೆಯಲ್ಲಿ ದೇಶದ ನಾನಾ ಕಡೆಗಳಿಂದ ಅಡ್ಜಸ್ಟರುಗಳು ಬಂದಿಳಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂರಲು ಕೊಠಡಿಯಿಲ್ಲದೆ ಅನೇಕರು ಕೊಲ್ಲಿಯ ಆಚೆ ಓಕ್‌ಲ್ಯಾಂಡಿನಲ್ಲಿ ಕಛೇರಿ ತೆರೆದರು. ಅವರ ಮುಂದಿದ್ದದ್ದು ಬೂದಿ ಮಾತ್ರ. ಕಟ್ಟಡದ ಅಳತೆಯಿಲ್ಲ, ಅಂಗಡಿಯ ಲೆಕ್ಕಪುಸ್ತಕವಿಲ್ಲ, ನಗರಸಭೆಯ ದಾಖಲೆಗಳೂ ಸುಟ್ಟಿವೆ. ಹಲವೊಮ್ಮೆ ತಮ್ಮದೇ ಕಂಪನಿ ಯಾರಿಗೆ ಎಷ್ಟು ವಿಮೆ ಮಾಡಿತ್ತೆಂಬ ಪುಸ್ತಕವೂ ಇಲ್ಲ. ಎದುರಿಗೆ ಕುಳಿತವನು ಹೇಳುವುದು ನಿಜವೋ, ಉತ್ಪ್ರೇಕ್ಷೆಯೋ ಎಂದು ಮುಖ ನೋಡಿಯೇ ತೀರ್ಮಾನಿಸಬೇಕು. ಒಂದೇ ಕಟ್ಟಡಕ್ಕೆ ಹಲವು ಕಂಪನಿಗಳ ವಿಮೆಯಿದ್ದಲ್ಲಿ ಎಲ್ಲರೂ ಕೂಡಿ ಒಂದು ಅಂಕಿಗೆ ಒಪ್ಪಬೇಕು.

ಸಂಶಯಕ್ಕೆ ಆಧಾರವೂ ಇತ್ತು. ಸೈನ್ಯದ ಸಂದೇಶ ವಿಭಾಗದ ಕ್ಯಾಪ್ಟನ್ ಲಿಯೊನಾರ್ಡ್ ವೈಲ್ಡ್‌ಮನ್ ಎಂಬವರು ತಮ್ಮ ವರದಿಯಲ್ಲಿ ದಾಖಲಿಸಿದ ಸಂಗತಿಯೊಂದು ಹೀಗಿದೆ: ಒಂದು ಬಡಾವಣೆಯಲ್ಲಿ ಜನ ತಮ್ಮ ಮನೆಗಳಿಗೆ ತಾವೇ ಬೆಂಕಿಯಿಡುತ್ತಿದ್ದಾರೆಂದು ಅಗ್ನಿಶಾಮಕ ದಳದವನೊಬ್ಬ ಅವರಿಗೆ ತಿಳಿಸಿದ. ಏಕೆಂದರೆ, ಕಂಪನದಿಂದ ಜಖಂಗೊಂಡ ಮನೆ ಸುಡದೆ ಉಳಿದರೆ ಬಿಡಿಗಾಸೂ ಸಿಗದೆಂದು ಅವರಿಗೆ ಯಾರೋ ಹೇಳಿದ್ದರು. ಒಂದು ಒಪ್ಪಂದದ ಮಾತು, ಪ್ರಾಮಾಣಿಕರಾದ ಗೃಹಸ್ಥರನ್ನೂ ಎಂಥ ಸ್ಥಿತಿಗೆ ತಳ್ಳಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಅವರನ್ನು ಬರಿದೆ ವಂಚಕರೆನ್ನಲು ನನ್ನ ನಾಲಗೆ ಏಳದು. ಆದರೆ ಮರುದಿನ ಆ ಬೀದಿಯ ಕ್ಲೇಮುಗಳನ್ನು ಪರಿಶೀಲಿಸಬೇಕಾದ ಅಡ್ಜಸ್ಟರನ ಸಂಕಟವೂ ಸಣ್ಣದಲ್ಲ.

ಆ ದುರಂತದ ಹೆಸರಿನಲ್ಲಿಯೇ ಈ ವ್ಯಾಜ್ಯದ ನೆರಳಿದೆ. ನಗರದ ವರ್ತಕರೂ ರೈಲ್ವೆಯವರೂ ಅದನ್ನು "ಮಹಾ ಬೆಂಕಿ" ಎಂದೇ ಕರೆಯಲು ಒತ್ತಾಯಿಸಿದರು. ಬೆಂಕಿ ಯಾವ ಊರಿಗೂ ಬರಬಹುದು, ಆದ್ದರಿಂದ ಹೊರಗಿನ ಬಂಡವಾಳಗಾರರು ಹೆದರುವುದಿಲ್ಲ. ಜೊತೆಗೆ ವಿಮೆಯೂ ದೊರೆಯುತ್ತದೆ. ಭೂಕಂಪವೆಂದರೆ ಎರಡಕ್ಕೂ ಕುತ್ತು.

ಹಣ ಕೊಡುವ ಪ್ರಶ್ನೆ ಬಂದಾಗ ಕಂಪನಿಗಳಲ್ಲಿಯೇ ಎರಡು ಪಕ್ಷಗಳಾದವು. ಒಪ್ಪಿದ ನಷ್ಟಕ್ಕೆ ಡಾಲರಿಗೆ ಡಾಲರ್ ಕೊಡುತ್ತೇವೆಂದವರು ಕೆಲವರು. ಎಲ್ಲ ಕ್ಲೇಮುಗಳಲ್ಲಿಯೂ ಒಂದೇ ಸಮನಾಗಿ ಕಾಲು ಭಾಗ ಕಡಿಯುತ್ತೇವೆಂದವರು ಇನ್ನು ಕೆಲವರು. ಹಳೆಯ ಲೆಕ್ಕದಲ್ಲಿ ಒಂದು "ಬಿಟ್" ಎಂದರೆ ಡಾಲರಿನ ಎಂಟನೆಯ ಒಂದು ಭಾಗ. ಆರು ಬಿಟ್ ಎಂದರೆ 75 ಸೆಂಟು. ಆದ್ದರಿಂದ ಈ ಎರಡನೆಯ ಗುಂಪನ್ನು ಜನ ಹೀಯಾಳಿಸಿ "ಆರು ಬಿಟ್ಟಿನವರು" ಎಂದರು. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ಹದಿನಾರಾಣೆಯ ಕಂಪನಿಗಳು ಮತ್ತು ಹನ್ನೆರಡಾಣೆಯ ಕಂಪನಿಗಳು.

ಹದಿನಾರಾಣೆಯವರಲ್ಲಿ ಲಂಡನ್ನಿನ ಲಾಯ್ಡ್ಸ್‌ನ ಕತ್‌ಬರ್ಟ್ ಹೀತ್ ಅವರ ಹೆಸರು ಇಂದಿಗೂ ಪ್ರಸಿದ್ಧ. ಪಾಲಿಸಿಯ ಷರತ್ತುಗಳು ಏನೇ ಇರಲಿ, ಎಲ್ಲ ಪಾಲಿಸಿದಾರರಿಗೂ ಪೂರ್ಣ ಹಣ ಕೊಡುವಂತೆ ಅವರು ತಮ್ಮ ಪ್ರತಿನಿಧಿಗೆ ತಂತಿ ಕಳುಹಿಸಿದರು. ಅಮೆರಿಕದಲ್ಲಿ ಲಾಯ್ಡ್ಸ್‌ಗೆ ದೊರೆತ ವಿಶ್ವಾಸಕ್ಕೆ ಆ ತಂತಿಯೇ ಅಡಿಗಲ್ಲಾಯಿತೆನ್ನುತ್ತಾರೆ. ಮತ್ತೊಂದು ತುದಿಯಲ್ಲಿ, ಜರ್ಮನಿ ಮತ್ತು ಆಸ್ಟ್ರಿಯಾಗಳ ಕೆಲವು ಕಂಪನಿಗಳು ಭೂಕಂಪದ ನೆಪವೊಡ್ಡಿ ಹೊಣೆಯನ್ನೇ ನಿರಾಕರಿಸಿ ಕ್ಯಾಲಿಫೋರ್ನಿಯಾದಿಂದ ಕಾಲ್ತೆಗೆದವು.

ಇವೆರಡರ ನಡುವಣ ಕಥೆಯೇ ನನಗೆ ಹೆಚ್ಚು ಹೃದಯಸ್ಪರ್ಶಿಯಾಗಿ ಕಾಣುತ್ತದೆ. 1863ರಲ್ಲಿ ಇದೇ ನಗರದಲ್ಲಿ ಹುಟ್ಟಿದ ಫೈರ್‌ಮನ್ಸ್ ಫಂಡ್ ಕಂಪನಿಯ ಕಛೇರಿಯೂ ದಾಖಲೆಗಳೂ ಬೆಂಕಿಗೆ ಆಹುತಿಯಾಗಿದ್ದವು. ಅದು ಕೊಡಬೇಕಾದ ಮೊತ್ತ 1 ಕೋಟಿ 10 ಲಕ್ಷ ಡಾಲರುಗಳಿಗೂ ಹೆಚ್ಚು. ಕಂಪನಿಯ ಆಸ್ತಿಯೆಲ್ಲವೂ ಸೇರಿದರೂ ಅಷ್ಟಾಗದು. ಪಾಲಿಸಿದಾರರ ಮಾತನ್ನೂ ಅವರ ಬಳಿ ಉಳಿದಿದ್ದ ಕಾಗದಗಳನ್ನೂ ನಂಬಿ ಲೆಕ್ಕವನ್ನು ಮರುಕಟ್ಟಿದರು. ಕೊನೆಗೆ ಕ್ಲೇಮಿನ ಸುಮಾರು ಅರ್ಧವನ್ನು ನಗದಾಗಿಯೂ ಉಳಿದುದನ್ನು ಹೊಸ ಕಂಪನಿಯ ಷೇರುಗಳಾಗಿಯೂ ಕೊಡುವ ಏರ್ಪಾಡಾಯಿತು. ಸಾಲ ಕೊಟ್ಟವನೂ ಸಾಲಗಾರನೂ ಒಂದೇ ಮನೆಯ ಪಾಲುದಾರರಾದರು. ಕಂಪನಿ ಉಳಿಯಿತು, ಷೇರು ಹಿಡಿದು ಕಾದವರಿಗೂ ನಷ್ಟವಾಗಲಿಲ್ಲ.

ಯಾರು ಹೇಗೆ ನಡೆದುಕೊಂಡರೆಂಬುದು ಇಂದು ನಮಗೆ ಇಷ್ಟು ಖಚಿತವಾಗಿ ತಿಳಿದಿರುವುದು ಹೇಗೆ? ನಗರದ ವಾಣಿಜ್ಯ ಮಂಡಳಿಯು ಒಂದು ವಿಶೇಷ ಸಮಿತಿಯನ್ನು ನೇಮಿಸಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗಣಿತಾಧ್ಯಾಪಕ ಆಲ್ಬರ್ಟ್ ವಿಟ್ನಿಯವರು ಅದರ ಪರವಾಗಿ 1906ರ ನವೆಂಬರಿನಲ್ಲಿ ಸಿದ್ಧಪಡಿಸಿದ ವರದಿ, ಕಂಪನಿ ಕಂಪನಿಯ ಹೆಸರು ಹಿಡಿದು, ಯಾರು ಪೂರ್ಣವಾಗಿ ಕೊಟ್ಟರು, ಯಾರು ಕಡಿದರು, ಯಾರು ಕೈಯೆತ್ತಿದರು ಎಂಬುದನ್ನು ವರ್ಗೀಕರಿಸಿತು. ಆ ಲೆಕ್ಕದ ಪ್ರಕಾರ ಸುಟ್ಟ ಪ್ರದೇಶದ ಮೇಲಿದ್ದ ವಿಮೆ ಸುಮಾರು 23 ಕೋಟಿ 50 ಲಕ್ಷ ಡಾಲರು. ಅದರಲ್ಲಿ ನೂರಕ್ಕೆ ಸುಮಾರು 80ರಷ್ಟು ಪಾವತಿಯಾಯಿತು. ಬೈಗುಳದಿಂದಾಗಲಿ ಸಮರ್ಥನೆಯಿಂದಾಗಲಿ ಆಗದ ಕೆಲಸವನ್ನು ಒಂದು ಬಹಿರಂಗ ಲೆಕ್ಕಪತ್ರ ಮಾಡಿತು. ಒಳ್ಳೆಯ ಕಂಪನಿಗೆ ಅದು ಪ್ರಶಸ್ತಿಪತ್ರವಾಯಿತು, ಕೆಟ್ಟದ್ದಕ್ಕೆ ಕಪ್ಪುಚುಕ್ಕೆಯಾಯಿತು, ನಿಷ್ಠೆಯಿಂದ ದುಡಿದ ಅಡ್ಜಸ್ಟರನಿಗೆ ಸಾಕ್ಷಿಯಾಯಿತು.

ಪರಿಣಾಮಗಳು ದೂರ ಸಾಗಿದವು. ಕ್ಲೇಮುಗಳಿಗಾಗಿ ಲಂಡನ್ನಿನಿಂದ ಹರಿದ ಚಿನ್ನವನ್ನು ತಡೆಯಲು ಬ್ಯಾಂಕ್ ಆಫ್ ಇಂಗ್ಲೆಂಡ್ 1906ರ ಅಕ್ಟೋಬರಿನಲ್ಲಿ ಬಡ್ಡಿದರವನ್ನು ನೂರಕ್ಕೆ 6ಕ್ಕೆ ಏರಿಸಿತು. 1907ರ ಅಮೆರಿಕದ ಆರ್ಥಿಕ ಮುಗ್ಗಟ್ಟಿಗೆ ಇದೂ ಒಂದು ಕಾರಣವೆಂದು ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ. ಕಂಪನಿಗೊಂದು ಬಗೆಯ ಷರತ್ತಿನಿಂದಾದ ಅನರ್ಥವನ್ನು ಕಂಡ ಕ್ಯಾಲಿಫೋರ್ನಿಯಾ 1909ರಲ್ಲಿ ಅಗ್ನಿವಿಮೆಗೆ ಒಂದೇ ಮಾದರಿಯ ಪಾಲಿಸಿಯನ್ನು ಶಾಸನಬದ್ಧಗೊಳಿಸಿತು. ಇಂದು ಈ ರಾಜ್ಯದಲ್ಲಿ, ಭೂಕಂಪದ ತರುವಾಯ ಹತ್ತಿದ ಬೆಂಕಿಯ ನಷ್ಟವನ್ನು ಅಗ್ನಿವಿಮೆಯೇ ಭರಿಸತಕ್ಕದ್ದು. ಆದರೆ ಬರಿಯ ಕಂಪನದಿಂದಾದ ಹಾನಿಗೆ ಪ್ರತ್ಯೇಕ ವಿಮೆ ಬೇಕು. 1994ರ ನಾರ್ತ್‌ರಿಡ್ಜ್ ಭೂಕಂಪದ ನಂತರ ಕಂಪನಿಗಳು ಹಿಂಜರಿದಾಗ, 1996ರಲ್ಲಿ ರಾಜ್ಯವೇ ಕ್ಯಾಲಿಫೋರ್ನಿಯಾ ಭೂಕಂಪ ಪ್ರಾಧಿಕಾರವನ್ನು ಸ್ಥಾಪಿಸಬೇಕಾಯಿತು. ನಮ್ಮಲ್ಲಿ ಅನೇಕರ ಮನೆವಿಮೆಯಲ್ಲಿ ಈ ಅಂಶ ಇಲ್ಲವೆಂಬುದು ಅನೇಕರಿಗೇ ತಿಳಿಯದು.

ಬಂಧುಗಳೆ, ಊರಿನಲ್ಲಿ ನಮ್ಮ ತಂದೆಯವರು ಕಂತು ಕಟ್ಟುತ್ತಿದ್ದ ಜೀವವಿಮಾ ನಿಗಮದ ಲಾಂಛನ ನಿಮಗೆ ನೆನಪಿರಬಹುದು. ದೀಪವನ್ನು ಕಾಯುವ ಎರಡು ಕೈಗಳು, ಕೆಳಗೆ ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಿಂದ ಆಯ್ದ ಯೋಗಕ್ಷೇಮದ ಅಭಯವಾಕ್ಯ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಯುವುದು ಕ್ಷೇಮ ಎಂದು ಭಾಷ್ಯಕಾರರು ವಿವರಿಸುತ್ತಾರೆ. ಯೋಗವನ್ನರಸಿ ಏಳು ಸಮುದ್ರ ದಾಟಿ ಬಂದ ನಾವು ಕ್ಷೇಮದ ಭಾರವನ್ನು ಒಂದು ಕಾಗದದ ಮೇಲೆ ಹೊರಿಸಿ, ಓದದೆಯೇ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಗೀತೆಯಲ್ಲಿ ಅಭಯ ನೀಡಿದವನು ಭಗವಂತ. ಇಲ್ಲಿ ಅಭಯ ನೀಡಿದವರು ಮನುಷ್ಯರು, ಷರತ್ತುಗಳೊಡನೆ.

ಷರತ್ತುಗಳನ್ನು ಬರೆಯುವುದು ನೆಮ್ಮದಿಯ ದಿನದಲ್ಲಿ. ಅವನ್ನು ಓದುವುದು ಮಾತ್ರ ಕಣ್ಣೀರಿನ ದಿನದಲ್ಲಿ. ಪಾಲಿಸಿದಾರನ ಹತಾಶೆಗೂ ಅಡ್ಜಸ್ಟರನ ಹತಾಶೆಗೂ ಇದೇ ತಾಯಿಬೇರು. ಆದ್ದರಿಂದ ನನ್ನ ವಿನಂತಿ ಇಷ್ಟೆ: ಈ ವಾರ ಮನೆಯಲ್ಲಿ ಪಾಲಿಸಿಯನ್ನು ಒಮ್ಮೆ ಪೂರ್ಣವಾಗಿ ಓದಿ, ಕೋಣೆ ಕೋಣೆಯ ಚಿತ್ರ ತೆಗೆದು ಒಂದು ಪ್ರತಿಯನ್ನು ಬೇರೆ ಊರಿನ ನೆಂಟರಲ್ಲಿಡಿ, ಅರ್ಥವಾಗದ ಸಾಲನ್ನು ಕಂಪನಿಯವರಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮತ್ತು ಫೋನಿನ ಆ ತುದಿಯಲ್ಲಿ ಕುಳಿತವರೊಡನೆ ಮಾತಾಡುವಾಗ, ಅಲ್ಲಿರುವುದು ನಮ್ಮದೇ ಕೂಟದ ಯಾರದೋ ಮಗಳಾಗಿರಬಹುದೆಂಬುದನ್ನು ನೆನೆಯಿರಿ.

ಹಾಂ, ಆ ಹಿರಿಯರ ಅಡುಗೆಮನೆಯ ವಿಷಯ ಹೇಳಲು ಮರೆತೆ. ಊಟ ಮುಗಿಯುವ ಹೊತ್ತಿಗೆ ಆ ತರುಣಿ ಅವರ ಪಕ್ಕದಲ್ಲಿ ಕುಳಿತು, ಕಾಗದದ ಕರವಸ್ತ್ರದ ಮೇಲೆ ಯಾವ ಯಾವ ದಾಖಲೆಗಳನ್ನು ಯಾವ ಕ್ರಮದಲ್ಲಿ ಕಳುಹಿಸಬೇಕೆಂದು ಬರೆದುಕೊಡುತ್ತಿದ್ದಳು. ಈ ವರ್ಷದ ಹೋಳಿಗೆ ಬೇಯಿಸಿದ್ದು ಹೊಸ ಒಲೆಯ ಮೇಲೆಯೇ ಎಂದು ಅವರು ಇಂದು ಬೆಳಿಗ್ಗೆ ನನಗೆ ತಿಳಿಸಿದರು. ಪೂರ್ತಿ ಹದಿನಾರಾಣೆ ಬಂದಿತೇ ಎಂದು ಕೇಳಿದೆ. "ಹದಿನಾಲ್ಕಾಣೆ ಬಂತು ಸಾರ್, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡೆ" ಎಂದರು.