ಕವಾಸ್‌ಜಿಯ ಮೂಗು: ಒಂದು ಶಸ್ತ್ರಕ್ರಿಯೆಯ ಇತಿಹಾಸ

1794ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತವಾದ ಒಂದು ಚಿಕ್ಕ ಪತ್ರವು ಅಚ್ಚಾಯಿತು. ಕಳೆದುಹೋದ ಮೂಗನ್ನು ಹಣೆಯ ಚರ್ಮದಿಂದ ಮರಳಿ ನಿರ್ಮಿಸುವ ವಿಧಾನವೇ ಅದರ ವಿಷಯ. ಯೂರೋಪಿನ ಶಸ್ತ್ರವೈದ್ಯದ ಒಂದು ಶಾಖೆಯು ಆ ಪತ್ರದಿಂದ ಹೊಸ ಚೈತನ್ಯವನ್ನು ಪಡೆಯಿತು. ಕನ್ನಡನಾಡಿಗೂ ಆ ಘಟನೆಗೂ ಇರುವ ಸಂಬಂಧವು ಕೇವಲ ಹೆಮ್ಮೆಪಡುವಂತಹುದಲ್ಲ. ಆದುದರಿಂದಲೇ ಅದು ವಿಚಾರಾರ್ಹವಾಗಿದೆ.

ಪತ್ರದಲ್ಲಿ ಬರುವ ರೋಗಿಯ ಹೆಸರು ಕವಾಸ್‌ಜಿ. ಹೆಸರಿನಲ್ಲಿ ಪಾರಸಿ ಛಾಯೆಯಿದ್ದರೂ ಪತ್ರವು ಅವನನ್ನು ಮರಾಠಾ ಒಕ್ಕಲಿಗನೆಂದೇ ಹೇಳುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1792ರಲ್ಲಿ, ಅವನು ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವವನಾಗಿದ್ದನು. ಟಿಪ್ಪುವಿನ ಕೈಗೆ ಸೆರೆಸಿಕ್ಕಿದ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಸಮೀಪದಲ್ಲಿ ಬೊಂಬಾಯಿ ಸೈನ್ಯವನ್ನು ಸೇರಿದನು. ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಬಾಳಿದ ಮೇಲೆ, ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಕೂಡಿಸಿದನು. ಬೊಂಬಾಯಿ ಪ್ರಾಂತದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಎಂಬ ವೈದ್ಯರಿಬ್ಬರು ಈ ಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು.

ವಿಧಾನವು ಹೀಗಿತ್ತು. ತೆಳುವಾದ ಮೇಣದ ಹಾಳೆಯನ್ನು ಮೊಂಡು ಮೂಗಿನ ಮೇಲಿಟ್ಟು ಮೂಗಿನ ಆಕಾರಕ್ಕೆ ತಿದ್ದುವರು. ಅದನ್ನು ಚಪ್ಪಟೆಯಾಗಿ ಬಿಡಿಸಿ ಹಣೆಯ ಮೇಲೆ ಹರಡಿ ಸುತ್ತಲೂ ಗೆರೆ ಎಳೆಯುವರು. ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವಣ ಚಿಕ್ಕ ಪಟ್ಟಿಯೊಂದನ್ನು ಕತ್ತರಿಸದೆ ಉಳಿಸುವರು. ಈ ಕ್ರಿಯೆಯ ಜೀವಾಳವೆಲ್ಲ ಆ ಪಟ್ಟಿಯಲ್ಲಿದೆ. ಸ್ಥಳಾಂತರಗೊಂಡ ಚರ್ಮವು ಹೊಸ ಜಾಗದಲ್ಲಿ ಬೆಸೆದುಕೊಳ್ಳುವವರೆಗೆ ಅದಕ್ಕೆ ರಕ್ತವು ಹರಿಯುವುದು ಅದರ ಮೂಲಕವೇ. ಅನಂತರ ಹಳೆಯ ಗಾಯದ ಕಲೆಯನ್ನು ಹೆರೆದು, ಹಣೆಯ ಚರ್ಮವನ್ನು ಅರ್ಧ ತಿರುವಿ ಕೆಳಗಿಳಿಸಿ, ಅಂಚುಗಳನ್ನು ಸೀಳಿನಲ್ಲಿ ಸೇರಿಸುವರು. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಐದಾರು ಪದರಗಳಾಗಿ ಅಂಟಿಸುವರು. ನಾಲ್ಕು ದಿನಗಳ ತರುವಾಯ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನಿಡುವರು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯನ್ನು ತುರುಕುವರು. ಚರ್ಮವು ಕೂಡಿಕೊಂಡ ಮೇಲೆ, ವಾರಗಳು ಕಳೆದು, ಕಣ್ಣುಗಳ ನಡುವಣ ಪಟ್ಟಿಯನ್ನು ಕತ್ತರಿಸುವರು. ಅರಿವಳಿಕೆಯ ಔಷಧಗಳು ಬಳಕೆಗೆ ಬರುವುದಕ್ಕೆ ಅರ್ಧ ಶತಮಾನ ಮುಂಚಿನ ಮಾತಿದು.

ಈ ವಿದ್ಯೆಯನ್ನು ನೇರವಾಗಿ ಸುಶ್ರುತನಿಗೆ ಒಪ್ಪಿಸುವುದು ವಾಡಿಕೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ನಾಸಾಸಂಧಾನದ ವರ್ಣನೆಯಿರುವುದು ದಿಟ. ಎಲೆಯಿಂದ ಅಳತೆ ತೆಗೆದು, ಬುಡ ಕಡಿಯದಂತೆ ಚರ್ಮವನ್ನು ಬಿಡಿಸಿ, ಉಸಿರಾಟಕ್ಕೆ ಎರಡು ನಳಿಕೆಗಳನ್ನಿಡುವ ಕ್ರಮ ಅಲ್ಲಿದೆ. ಆದರೆ ಅಲ್ಲಿ ಹೇಳಿರುವುದು ಕೆನ್ನೆಯ ಚರ್ಮ. ಪುಣೆಯಲ್ಲಿ ಬಳಸಿದ್ದು ಹಣೆಯ ಚರ್ಮ. ತತ್ತ್ವವೊಂದೇ ಆದರೂ ಪ್ರಯೋಗವು ಬೇರೆ. ಗ್ರಂಥಕ್ಕೂ ಪುಣೆಯ ಕುಶಲಕರ್ಮಿಗೂ ನಡುವೆ ಹೆಸರಿಲ್ಲದ ಅನೇಕ ತಲೆಮಾರುಗಳ ಕೈಗಳು ಈ ವಿದ್ಯೆಯನ್ನು ತಿದ್ದಿರಬೇಕೆಂದು ಊಹಿಸುವುದು ಯುಕ್ತ.

ಯೂರೋಪಿಗೂ ಈ ಚಿಕಿತ್ಸೆ ಅಪರಿಚಿತವಾಗಿರಲಿಲ್ಲ. ಬೊಲೋನಾದ ತಾಲ್ಯಕೋತ್ಸಿಯು ತೋಳಿನ ಚರ್ಮದಿಂದ ಮೂಗನ್ನು ಮಾಡುವ ಕ್ರಮವನ್ನು 1597ರಲ್ಲಿ ಗ್ರಂಥರೂಪಕ್ಕೆ ತಂದಿದ್ದನು. ಆದರೆ ರೋಗಿಯು ತೋಳನ್ನು ಮುಖಕ್ಕೆ ಬಿಗಿದುಕೊಂಡು ದಿನಗಟ್ಟಲೆ ಇರಬೇಕಾಗಿದ್ದ ಆ ವಿಧಾನವು ಕ್ರಮೇಣ ಮರೆಗೆ ಸಂದಿತು. ಭಾರತದ ವರದಿಯನ್ನು ತಿಳಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಸೇನಾಧಿಕಾರಿಯೊಬ್ಬನ ಮೇಲೆ ಅದನ್ನು ಪ್ರಯೋಗಿಸಿದನು. ಸಫಲವಾದ ಎರಡು ಪ್ರಯೋಗಗಳ ವಿವರವನ್ನು 1816ರಲ್ಲಿ ಪ್ರಕಟಿಸಿದನು. 1818ರಲ್ಲಿ ಬರ್ಲಿನ್ನಿನ ಗ್ರೇಫೆಯು ಇದೇ ವಿಷಯವಾಗಿ ಗ್ರಂಥವೊಂದನ್ನು ಹೊರತಂದನು.

ಬಳಿಕ ವಿದ್ಯೆಯು ಭಾರತದಲ್ಲಿ ಮತ್ತೆ ಬೆಳೆಯಿತು. ಜುನಾಗಢದ ತ್ರಿಭುವನದಾಸ ಮೋತಿಚಂದ ಶಹಾ ತಮ್ಮ ನೂರು ಚಿಕಿತ್ಸೆಗಳ ವೃತ್ತಾಂತವನ್ನು 1889ರಲ್ಲಿ ಪ್ರಕಟಿಸಿದರು. ಹಣೆಯ ಚರ್ಮಕ್ಕೆ ಒಳಪದರವಿಲ್ಲದಿದ್ದರೆ ಹೊಸ ಮೂಗು ಕಾಲಕ್ರಮದಲ್ಲಿ ಮುದುಡಿಕೊಳ್ಳುತ್ತಿತ್ತು. ಇಂದೂರಿನ ಕೀಗನ್ ಮೂಗಿನ ಅಳಿದುಳಿದ ಚರ್ಮವನ್ನೇ ಒಳಮುಖವಾಗಿ ಮಡಿಸಿ ಆ ಕೊರತೆಯನ್ನು ನೀಗಲೆತ್ನಿಸಿದನು. ಇಂದಿಗೂ ಅರ್ಬುದರೋಗದಿಂದ ಮೂಗನ್ನು ಕಳೆದುಕೊಂಡವರಿಗೆ ಶಸ್ತ್ರವೈದ್ಯರು ಹಣೆಯ ಚರ್ಮವನ್ನೇ ಆಶ್ರಯಿಸುವುದುಂಟು. ಮೇಣದ ಹಾಳೆ ಹೋಗಿದೆ, ಕಾಚು ಹೋಗಿದೆ; ಬುಡವನ್ನು ಉಳಿಸಿಕೊಳ್ಳುವ ವಿವೇಕ ಮಾತ್ರ ಹೋಗಿಲ್ಲ.

ಇನ್ನು ಕನ್ನಡಿಗರ ಪಾಲಿನ ಪ್ರಶ್ನೆ. ಟಿಪ್ಪುವಿನ ಮೇಲಿನ ಆರೋಪವು ಅವನ ಶತ್ರುಗಳ ಬರವಣಿಗೆಯಲ್ಲಿ ಬಂದಿರುವುದರಿಂದ ಅದನ್ನು ತಳ್ಳಿಹಾಕಲು ಮನಸ್ಸಾಗುವುದು ಸಹಜ. ಆದರೆ ಪುಣೆಯ ಶಸ್ತ್ರಕ್ರಿಯೆಗೆ ಸಾಕ್ಷಿಯೂ ಅದೇ ಪತ್ರವೇ. ಚಿಕಿತ್ಸೆಯ ಭಾಗವನ್ನು ಹೆಮ್ಮೆಯಿಂದ ಉದ್ಧರಿಸಿ, ಗಾಯದ ಭಾಗವನ್ನು ಮಾತ್ರ ಸುಳ್ಳೆನ್ನುವುದು ಇತಿಹಾಸಕಾರನಿಗೆ ತರವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕು. ಟಿಪ್ಪುವಿಗಿಂತ ಬಹಳ ಹಿಂದೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಕದನವು ತಮಿಳುನಾಡಿನಲ್ಲಿ ಮೂಗು ಕೊಯ್ದ ಯುದ್ಧವೆಂದೇ ಹೆಸರಾಗಿದೆ. ಈ ಕ್ರೌರ್ಯವು ಒಬ್ಬ ದೊರೆಯದಾಗಲಿ ಒಂದು ಮತದ್ದಾಗಲಿ ಅಲ್ಲ. ಮಾನವನ್ನು ಮೂಗಿನಲ್ಲಿ ಕಂಡ ಕಾಲದ್ದು. ಮೂಗು ಕೊಯ್ಯುವ ದಂಡನೆ ಬಳಕೆಯಲ್ಲಿದ್ದ ನಾಡಿನಲ್ಲಿಯೇ ಮೂಗು ಕಟ್ಟುವ ವಿದ್ಯೆಯೂ ನುರಿತದ್ದು ಆಶ್ಚರ್ಯವಲ್ಲ.

ಆ ಪತ್ರದಲ್ಲಿ ಕತ್ತರಿಸಿದ ಸುಲ್ತಾನನ ಹೆಸರಿದೆ, ನೋವುಂಡ ಬಡವನ ಹೆಸರಿದೆ, ನೋಡಿದ ವೈದ್ಯರಿಬ್ಬರ ಹೆಸರುಗಳಿವೆ. ಮೂಗನ್ನು ಕಟ್ಟಿದವನ ಜಾತಿಯನ್ನು ಮಾತ್ರ ಬರೆದು ಹೆಸರನ್ನು ಬಿಡಲಾಗಿದೆ. ಭಾರತೀಯ ವೈದ್ಯದ ಇತಿಹಾಸವನ್ನು ಬರೆಯುವವರು ಗ್ರಂಥಕರ್ತರಿಗೆ ಸಲ್ಲಿಸುವ ಗೌರವದಲ್ಲಿ ಒಂದು ಪಾಲನ್ನು ಆ ಅನಾಮಧೇಯನಿಗಾಗಿ ತೆಗೆದಿಡುವುದು ನ್ಯಾಯ.