ಬೆಳ್ಳಿ ಎಂಬ ಚುಕ್ಕಿ

ಕನ್ನಡದಲ್ಲಿ ‘ಬೆಳ್ಳಿ’ ಎಂಬ ಮಾತಿಗೆ ಎರಡು ಅರ್ಥಗಳು. ಒಂದು ಅಕ್ಕಸಾಲಿಗನ ಅಂಗಡಿಯದು, ಇನ್ನೊಂದು ಆಕಾಶದ್ದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಹಳಬರು ‘ಬೆಳ್ಳಿ ಮೂಡಿತು’ ಎಂದರೆ ಬೆಳಗಿನ ಜಾವವಾಯಿತು, ಏಳಬೇಕು ಎಂದೇ ಅರ್ಥ. ಬಂಡಿ ಹೂಡುವವರಿಗೂ ಮಗ್ಗಕ್ಕೆ ಕೂಡುವವರಿಗೂ ಅದೇ ಗಡಿಯಾರ. ನನ್ನ ಅಜ್ಜಿ ಬನಹಟ್ಟಿಯ ನೇಕಾರರ ಮನೆಯವಳು. ಹಿತ್ತಲ ಬಾಗಿಲು ತೆರೆದು ಮೂಡಲ ಕಡೆ ಒಮ್ಮೆ ನೋಡಿ ಕಂಡಿಕೆ ಸುತ್ತಲು ಕುಳಿತುಕೊಳ್ಳುವಳು. ಒಂದು ದಿನ ಅವಳು, “ಸಂಜೀ ಮುಂದ ಪಡುವಲ ಕಡೆ ಕಾಣತಿತ್ತಲ್ಲ, ಅದ ಬೆಳ್ಳಿ ಈಗ ಈ ಕಡೆ ಬಂದೈತಿ ನೋಡು” ಎಂದದ್ದು ನನಗೆ ನೆನಪಿದೆ. ಅಕ್ಷರ ಬಾರದ ಹೆಂಗಸಿನ ಈ ಮಾತನ್ನು ಸಣ್ಣದೆಂದು ತಿಳಿಯಬಾರದು. ಪ್ರಾಚೀನ ಗ್ರೀಕರು ಬೆಳಗಿನ ಚುಕ್ಕಿಗೊಂದು, ಸಂಜೆಯ ಚುಕ್ಕಿಗೊಂದು ಹೆಸರಿಟ್ಟು, ಎರಡೂ ಒಂದೇ ಎಂಬುದನ್ನು ಒಪ್ಪಿಕೊಳ್ಳಲು ಬಹುಕಾಲ ತೆಗೆದುಕೊಂಡರು.

ಬೆಳ್ಳಿ ಎಂಬ ಹೆಸರು ನಮಗೆ ಸಂಸ್ಕೃತದಿಂದ ಬಂದುದಲ್ಲ. ಬೆಳಕು, ಬೆಳಗು, ಬಿಳಿದು, ಬೆಳ್ದಿಂಗಳು ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ತಮಿಳಿನಲ್ಲಿಯೂ ‘ವೆಳ್ಳಿ’ ಎಂದರೆ ಲೋಹವೂ ಹೌದು, ಗ್ರಹವೂ ಹೌದು. ಅವರ ಶುಕ್ರವಾರ ‘ವೆಳ್ಳಿಕ್ಕಿಳಮೈ’. ಪುರಾಣಗಳು ಈ ಗ್ರಹವನ್ನು ಅಸುರರ ಗುರುವಾಗಿಸಿ, ಸತ್ತವರನ್ನು ಬದುಕಿಸುವ ಸಂಜೀವಿನೀ ವಿದ್ಯೆಯನ್ನು ಅವನ ಕೈಗಿತ್ತವು. ರೋಮನ್ನರು ಇದನ್ನೇ ಪ್ರೇಮದ ದೇವತೆಯಾಗಿಸಿ ಹೆಣ್ಣು ಮಾಡಿದರು. ನಮ್ಮ ದೇಸಿಯ ಮಾತಿನಲ್ಲಿ ಗುರುವೂ ಇಲ್ಲ, ಹೆಣ್ಣೂ ಇಲ್ಲ. ಕಣ್ಣಿಗೆ ಕಂಡ ಬಿಳುಪು ಮಾತ್ರ ಇದೆ. 949ರಲ್ಲಿ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನೂ ಘಟಪ್ರಭೆಯ ಬಯಲಿನ ಮೇಲೆ ಕಂಡದ್ದು ಇದೇ ಬಿಳುಪನ್ನು.

ಬೆಳ್ಳಿ ನಡುರಾತ್ರಿಯಲ್ಲಿ ನೆತ್ತಿಯ ಮೇಲೆ ಕಾಣುವುದಿಲ್ಲ. ಭೂಮಿಗಿಂತ ಸೂರ್ಯನಿಗೆ ಹತ್ತಿರದಲ್ಲಿ ಸುತ್ತುವ ಗ್ರಹವಾದುದರಿಂದ ಅದು ನಮ್ಮ ಕಣ್ಣಿಗೆ ಸೂರ್ಯನಿಂದ 47 ಅಂಶಗಳಿಗಿಂತ ಆಚೆ ಸರಿಯಲಾರದು. ಹೊತ್ತು ಮುಳುಗಿದ ಮೇಲೆ ಹೆಚ್ಚೆಂದರೆ ಸುಮಾರು ಮೂರು ಗಂಟೆ, ಇಲ್ಲವೆ ಹೊತ್ತು ಹುಟ್ಟುವ ಮೊದಲು ಅಷ್ಟೇ ಅವಧಿ, ಅದರ ದರ್ಶನ. ಕೆಲವು ತಿಂಗಳು ಪಡುವಲಲ್ಲಿದ್ದು, ಕೆಲವೇ ದಿನ ಮರೆಯಾಗಿ, ಮೂಡಲಲ್ಲಿ ಕಾಣಿಸಿಕೊಂಡು, ಅಲ್ಲಿ ಮತ್ತೆ ಕೆಲವು ತಿಂಗಳಿದ್ದು, ಈ ಸಲ ಸೂರ್ಯನ ಹಿಂಬದಿಯಲ್ಲಿ ದೀರ್ಘಕಾಲ ಅಡಗಿ, ಪುನಃ ಪಡುವಲಿಗೆ ಬರುತ್ತದೆ. ಈ ಒಂದು ಸುತ್ತಿಗೆ 584 ದಿನ. ಇಂಥ ಐದು ಸುತ್ತುಗಳು ಸೇರಿದರೆ ಹೆಚ್ಚುಕಡಿಮೆ ಸರಿಯಾಗಿ ಎಂಟು ವರ್ಷ. ಆದ್ದರಿಂದ ಈ ವರ್ಷ ಯಾವ ತಿಂಗಳಲ್ಲಿ ಬೆಳ್ಳಿ ಎಲ್ಲಿರುವುದೋ, ಎಂಟು ವರ್ಷಗಳ ಮೇಲೆ ಅದೇ ತಿಂಗಳಲ್ಲಿ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. ಈ ಎಂಟು ವರ್ಷದ ಲೆಕ್ಕವನ್ನು ಕೇಳುಗರು ನೆನಪಿನಲ್ಲಿಡಬೇಕು. ಅದು ಮುಂದೆ ಮದುವೆಯ ಮನೆಗೆ ಬರಲಿದೆ.

ಕಣ್ಣು ಕಂಡುದನ್ನು ನಮ್ಮ ಗಣಿತಜ್ಞರು ಎಷ್ಟು ನಿಷ್ಠೆಯಿಂದ ಎಣಿಸಿದರೆಂಬುದಕ್ಕೆ ಒಂದೇ ಸಂಖ್ಯೆ ಸಾಕು. 499ರಲ್ಲಿ ಆರ್ಯಭಟ ಒಂದು ಮಹಾಯುಗದಲ್ಲಿ ಶುಕ್ರನ ಶೀಘ್ರೋಚ್ಚಕ್ಕೆ 70,22,388 ಭಗಣಗಳೆಂದು ಹೇಳಿದ. ಅವನು ಕೊಟ್ಟ ಯುಗದ ದಿನಗಳನ್ನು ಇದರಿಂದ ಭಾಗಿಸಿದರೆ ಒಂದು ಸುತ್ತಿಗೆ 224.698 ದಿನ ಬರುತ್ತದೆ. ಇಂದಿನ ಖಗೋಳಶಾಸ್ತ್ರ ಹೇಳುವುದು 224.701. ದೂರದರ್ಶಕವಿಲ್ಲದ ಕಾಲದಲ್ಲಿ ಕೇವಲ ನಾಲ್ಕೈದು ನಿಮಿಷಗಳ ವ್ಯತ್ಯಾಸ! 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನ ಲೆಕ್ಕವೂ ಇದಕ್ಕೆ ಹತ್ತಿರದ್ದೇ. ಈ ಭಾಸ್ಕರಾಚಾರ್ಯ ನಮ್ಮ ಬಿಜಾಪುರದವನೆಂಬ ಅಭಿಮಾನ ನಮ್ಮ ಕಡೆ ಬಲವಾಗಿದೆ. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಅವನೇ ಹೇಳಿಕೊಂಡಿದ್ದಾನೆ. ಅವನ ಗ್ರಂಥಗಳ ಅಧ್ಯಯನಕ್ಕಾಗಿ ಮೊಮ್ಮಗ ಚಾಂಗದೇವ ಸ್ಥಾಪಿಸಿದ ಮಠದ ಶಾಸನ ಸಿಕ್ಕಿರುವುದು ಖಾನದೇಶದ ಪಾಟಣದಲ್ಲಿ. ಅಭಿಮಾನಕ್ಕಿಂತ ಸಾಕ್ಷ್ಯ ದೊಡ್ಡದು. ಆತನನ್ನು ಬಿಟ್ಟುಕೊಟ್ಟರೆ ನಮಗೇನೂ ನಷ್ಟವಿಲ್ಲ. ಕೃಷ್ಣೆಯ ಇತ್ತಟದ ಜೋಯಿಸರ ಕೈಯಲ್ಲಿ ಹೆಚ್ಚು ಓಡಾಡಿದುದು ನಂದಿಗ್ರಾಮದ ಗಣೇಶ ದೈವಜ್ಞನ ‘ಗ್ರಹಲಾಘವ’. 1520ರ ಈ ಕೈಪಿಡಿ ಜ್ಯಾಗಣಿತದ ತೊಡಕಿಲ್ಲದೆ ಗ್ರಹಗಳ ಸ್ಥಾನವನ್ನು ತೆಗೆಯುವ ದಾರಿಯನ್ನು ತೋರಿಸಿತು. ಹೆಸರಿಗೆ ತಕ್ಕ ಲಾಘವ.

ಆದರೆ ಎಲ್ಲಿದೆ ಎಂಬುದನ್ನು ತಿಳಿದದ್ದು ಬೇರೆ, ಏನಿದೆ ಎಂಬುದನ್ನು ತಿಳಿದದ್ದು ಬೇರೆ. 1610ರಲ್ಲಿ ಗೆಲಿಲಿಯೊ ದೂರದರ್ಶಕದಲ್ಲಿ ನೋಡಿದಾಗ ಶುಕ್ರಕ್ಕೂ ಚಂದ್ರನಂತೆ ವೃದ್ಧಿ-ಕ್ಷಯಗಳಿರುವುದು ಕಂಡಿತು. ಅದು ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ಕಣ್ಣಿನ ಸಾಕ್ಷಿ ದೊರೆಯಿತು. ಅದರ ಮೇಲ್ಮೈ ಮಾತ್ರ ಎಂದೂ ಕಾಣಲಿಲ್ಲ, ದಟ್ಟ ಮೋಡ. ಗಾತ್ರದಲ್ಲಿ ಅದು ಭೂಮಿಯ ತಂಗಿಯಂತೆ: ಅಡ್ಡಳತೆ 12,104 ಕಿಲೋಮೀಟರು, ಭೂಮಿಯದು 12,742. ಸೂರ್ಯನಿಂದ ಅದರ ದೂರ 10.8 ಕೋಟಿ ಕಿಲೋಮೀಟರು. ನಮ್ಮ ಬಳಿಗೆ ಬಂದಾಗ ನಮಗೂ ಅದಕ್ಕೂ ನಡುವೆ ಸುಮಾರು 4 ಕೋಟಿ ಕಿಲೋಮೀಟರು. ಅಷ್ಟು ಹತ್ತಿರಕ್ಕೆ ಬರುವ ಗ್ರಹ ಬೇರೊಂದಿಲ್ಲ. ಇಷ್ಟು ಸಾಮ್ಯ ಕಂಡ ಮೇಲೆ ಆ ಮೋಡದ ಕೆಳಗೆ ಮಳೆ, ಜವುಗು, ಹಸಿರು ಕಾಡು ಇರಬಹುದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಡಿತರೂ ಊಹಿಸಿದುದು ಆಶ್ಚರ್ಯವಲ್ಲ.

ಆ ಕನಸು ಬಹುಬೇಗ ಒಡೆಯಿತು. 1962ರ ಡಿಸೆಂಬರ 14ರಂದು ಅಮೆರಿಕದ ಮರೀನರ್-2 ನೌಕೆ ಶುಕ್ರದ ಪಕ್ಕದಲ್ಲಿ ಹಾದು, ಅಲ್ಲಿ ಕುಲುಮೆಯ ಬಿಸಿಯಿದೆಯೆಂದು ವರದಿ ಮಾಡಿತು. 1970ರಲ್ಲಿ ರಷ್ಯನ್ನರ ವೆನೆರಾ-7 ಅದರ ನೆಲಕ್ಕಿಳಿದು ಸಂಕೇತ ಕಳಿಸಿತು. ಬೇರೊಂದು ಗ್ರಹದ ನೆಲದಿಂದ ಮನುಷ್ಯನಿಗೆ ಬಂದ ಮೊದಲ ಮಾತು ಅದು. 1982ರಲ್ಲಿ ಇಳಿದ ವೆನೆರಾ-13 ಬಣ್ಣದ ಚಿತ್ರಗಳನ್ನು ಕಳಿಸಿ 127 ನಿಮಿಷ ಬದುಕಿತ್ತು. ಅಲ್ಲಿಯ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸ ಕರಗಿ ಹರಿಯುವಷ್ಟು. ಗಾಳಿಯ ಒತ್ತಡ ನಮ್ಮಲ್ಲಿಯದಕ್ಕಿಂತ ತೊಂಬತ್ತು ಪಟ್ಟಿಗೂ ಹೆಚ್ಚು. ಆ ಗಾಳಿಯಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಪಾಲು ಇಂಗಾಲದ ಡೈಆಕ್ಸೈಡ್. ಬಂದ ಬಿಸಿಲಿನ ಕಾವನ್ನು ಹೊರಗೆ ಬಿಡದ ಕಂಬಳಿ ಅದು. ಮೋಡಗಳೋ, ಗಂಧಕಾಮ್ಲದ ಹನಿಗಳು. ಸೂರ್ಯನ ಬೆಳಕಿನ ಮುಕ್ಕಾಲು ಪಾಲನ್ನು ಈ ಆಮ್ಲದ ಮೋಡಗಳೇ ಹಿಂದಿರುಗಿಸುವುದರಿಂದ ಬೆಳ್ಳಿಗೆ ಆ ಬೆಳ್ಪು. ಕವಿಗಳು ಇದಕ್ಕಾಗಿ ಮರುಗಬೇಕಾಗಿಲ್ಲ. ಅವರು ಹೊಗಳಿದ್ದು ಬೆಳಕನ್ನು, ಬೆಳಕು ನಿಜವಾಗಿಯೇ ಇದೆ.

ಇನ್ನೊಂದು ವಿಚಿತ್ರ. ಶುಕ್ರ ತನ್ನ ಸುತ್ತ ತಾನು ಒಮ್ಮೆ ತಿರುಗಲು 243 ದಿನ ಬೇಕು. ಸೂರ್ಯನ ಸುತ್ತ ಬರಲು 225 ದಿನ ಸಾಕು. ತಿರುಗುವುದೂ ಹಿಮ್ಮೊಗವಾಗಿ. ‘ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ’ ಎಂದು ನಾವು ಆಣೆಯಿಡುತ್ತೇವಲ್ಲ, ಅಲ್ಲಿ ಅದು ನಿತ್ಯದ ಸಂಗತಿ. ಆದರೆ ಆ ‘ನಿತ್ಯ’ ನಮ್ಮ 117 ದಿನಗಳಿಗೊಮ್ಮೆ.

ಈಗ ಮದುವೆಯ ಮನೆಗೆ ಬರೋಣ. ಬೆಳ್ಳಿ ಸೂರ್ಯನ ಪ್ರಭೆಯಲ್ಲಿ ಅಡಗುವುದಕ್ಕೆ ಪಂಚಾಂಗದಲ್ಲಿ ಶುಕ್ರಾಸ್ತ ಎಂದು ಹೆಸರು; ಮೌಢ್ಯವೆಂದೂ ಹೇಳುತ್ತಾರೆ. ಎಷ್ಟು ಹತ್ತಿರ ಬಂದರೆ ಅಸ್ತವೆನ್ನಬೇಕು? ವಕ್ರಗತಿಯಲ್ಲಿದ್ದಾಗ 8 ಅಂಶ, ಋಜುಗತಿಯಲ್ಲಿದ್ದಾಗ 10 ಅಂಶ ಎನ್ನುತ್ತದೆ ‘ಸೂರ್ಯಸಿದ್ಧಾಂತ’. ವಕ್ರಗತಿಯಲ್ಲಿ ಗ್ರಹ ನಮಗೆ ಸಮೀಪವಾಗಿ ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಸೂರ್ಯನಿಗೆ ಇನ್ನಷ್ಟು ಹತ್ತಿರ ಹೋಗುವ ತನಕ ಕಣ್ಣಿಗೆ ಬೀಳುತ್ತದೆ. ಎಂಥ ಸೂಕ್ಷ್ಮವಾದ ಅವಲೋಕನ! ಇಲ್ಲಿಯವರೆಗೆ ಇದು ಶುದ್ಧ ವಿಜ್ಞಾನ. ಇದರ ಬೆನ್ನಿಗೆ ಮುಹೂರ್ತಶಾಸ್ತ್ರ ಬಂದು, ಗುರು-ಶುಕ್ರರು ಕಾಣದಾಗ ಮದುವೆ ಕೂಡದು ಎಂದಿತು. ಶುಕ್ರ ಎದುರಾಗುವ ದಿಕ್ಕಿಗೆ ನವವಧು ಪ್ರಯಾಣ ಹೊರಡಬಾರದು ಎಂದೂ ಸೇರಿಸಿತು. ಗಣಿತದಿಂದ ಈ ನಿಷೇಧ ಹುಟ್ಟುವುದಿಲ್ಲ. ಗಣಿತ ಹೇಳುವುದು ‘ಕಾಣುವುದಿಲ್ಲ’ ಎಂದಷ್ಟೇ. ‘ಕೂಡದು’ ಎಂಬುದು ಬೇರೆಯವರ ದನಿ. ಎರಡೂ ಒಂದೇ ಪುಟದಲ್ಲಿ ಅಚ್ಚಾಗುವುದರಿಂದ ಒಂದರ ಪ್ರಾಮಾಣ್ಯ ಇನ್ನೊಂದಕ್ಕೆ ಸಾಲವಾಗಿ ಹೋಗುತ್ತದೆ.

ಇದು ಬರಿಯ ತರ್ಕದ ಮಾತಲ್ಲ, ಹೊಟ್ಟೆಯ ಮಾತು. 2024ರ ಜೂನ್ 4ರಂದು ಶುಕ್ರ ಸೂರ್ಯನ ನೇರ ಹಿಂಬದಿಯಲ್ಲಿತ್ತು. ಏಪ್ರಿಲ್ ಕೊನೆಯಿಂದ ಸುಮಾರು ಎರಡು ತಿಂಗಳು ಶುಕ್ರಾಸ್ತ. ಅದರ ನಡುವೆ ಗುರುವಿನ ಅಸ್ತವೂ ಸೇರಿತು. ಅನೇಕ ಪಂಚಾಂಗಗಳಲ್ಲಿ ಮೇ-ಜೂನ್ ತಿಂಗಳುಗಳಿಗೆ ವಿವಾಹಮುಹೂರ್ತಗಳೇ ಇರಲಿಲ್ಲ. ಹೊಲದ ಕೆಲಸ ಮುಗಿದು, ಮಕ್ಕಳಿಗೆ ಶಾಲೆಯ ರಜೆಯಿದ್ದು, ಬೀಗರು ಕೂಡಲು ಅನುಕೂಲವಾದ ಕಾಲವೇ ಬೇಸಿಗೆ. ಮದುವೆಯಿಲ್ಲದ ಬೇಸಿಗೆ ಎಂದರೆ ರಬಕವಿ-ಬನಹಟ್ಟಿಗಳಲ್ಲಿ ಸೀರೆಯ ಗಂಟು ಕದಲದ ಬೇಸಿಗೆ. ಆ ವರ್ಷ ಬನಹಟ್ಟಿಯಲ್ಲಿ ನೇಕಾರರೊಬ್ಬರು ನನ್ನೊಡನೆ, “ಸರ್, ಚುಕ್ಕಿ ಮುಳುಗಿದ್ದು ಮ್ಯಾಲೆ, ನಾವು ಮುಳುಗಿದ್ದು ಇಲ್ಲಿ” ಎಂದರು. ಎಂಟು ವರ್ಷ ಹಿಂದೆ, 2016ರ ಜೂನ್ 6ರಂದು, ಶುಕ್ರ ಅಲ್ಲಿಯೇ ಇತ್ತು; ಅದಕ್ಕೂ ಹಿಂದೆ 2008ರ ಜೂನ್ 9ರಂದು. ಇನ್ನು 2032ರ ಜೂನ್ ಮೊದಲಲ್ಲಿಯೂ ಅಲ್ಲಿಯೇ ಇರುತ್ತದೆ. ವಾರ-ತಿಥಿಗಳ ಶುಭಾಶುಭವನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದ ಶರಣರ ನಾಡು ಇದು. ಅವರ ಪಟಗಳಿಗೆ ಪೂಜೆ ಮಾಡುವ ಮನೆಗಳಲ್ಲಿಯೂ ಅದೇ ಮೊಳೆಗೆ ಪಂಚಾಂಗ ತೂಗುತ್ತಿರುವುದನ್ನು ನಾನು ಕಂಡಿದ್ದೇನೆ.

ಪಂಚಾಂಗವನ್ನು ತಿದ್ದಹೊರಟವರು ಪಂಚಾಂಗದ ಒಳಗಿನಿಂದಲೇ ಬಂದರೆಂಬುದು ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. 1874ರ ಡಿಸೆಂಬರ 9, ಬುಧವಾರ. ಅಂದು ಬೆಳಿಗ್ಗೆ ಶುಕ್ರ ಭೂಮಿಗೂ ಸೂರ್ಯನಿಗೂ ನಡುವೆ ಸರಿಯಾಗಿ ಬಂದು, ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಹರಿಯಿತು. ಇದಕ್ಕೆ ಶುಕ್ರಸಂಕ್ರಮಣವೆಂದು ಹೆಸರು. ಭೂಮಿಯ ಬೇರೆ ಬೇರೆ ಕಡೆಗಳಿಂದ ಇದರ ಕಾಲವನ್ನು ಅಳೆದರೆ ಸೂರ್ಯನ ದೂರ ಸಿಕ್ಕುತ್ತದೆಂದು ಹ್ಯಾಲಿ ಸೂಚಿಸಿದ್ದನು. ಅದಕ್ಕಾಗಿ ಯುರೋಪಿನ ರಾಷ್ಟ್ರಗಳು ಲೋಕದ ಮೂಲೆಮೂಲೆಗೆ ತಂಡಗಳನ್ನು ಕಳಿಸಿದುವು. ಮದರಾಸಿನ ವೀಕ್ಷಣಾಲಯದಲ್ಲಿ ಆಗ ಚಿಂತಾಮಣಿ ರಘುನಾಥಾಚಾರಿ ಎಂಬವರು ಸಹಾಯಕರಾಗಿದ್ದರು. ಪಂಚಾಂಗ ಗಣಿಸುವ ಸಂಪ್ರದಾಯದಲ್ಲಿ ಬೆಳೆದವರು. 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿ, 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯರಾದವರು. ಅವರು ಈ ಸಂಕ್ರಮಣವನ್ನು ಜನಕ್ಕೆ ತಿಳಿಸಲು ಒಂದು ಕಿರುಹೊತ್ತಗೆಯನ್ನು ಬರೆದರು. ಸಿದ್ಧಾಂತಿಯೊಬ್ಬನಿಗೂ ಅವನ ಗೆಳೆಯನಿಗೂ ನಡೆಯುವ ಸಂಭಾಷಣೆಯ ರೂಪ. ಅದು ಇಂಗ್ಲಿಷಿನಲ್ಲಿಯೂ ಉರ್ದುವಿನಲ್ಲಿಯೂ ಬಂದಂತೆ ಕನ್ನಡದಲ್ಲಿಯೂ ಬಂದಿತು.

ಆ ಕಾಲದ ನಮ್ಮ ಸೀಮೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು. ಮನೆಮಾತು ಕನ್ನಡ, ದಫ್ತರದ ಮಾತು ಮರಾಠಿ. ಬೀಳಗಿ ಮಾತ್ರ ಬ್ರಿಟಿಷರ ಕಲಾದಗಿ ಜಿಲ್ಲೆಯಲ್ಲಿತ್ತು. ಅತ್ತ ಡೆಪ್ಯುಟಿ ಚೆನ್ನಬಸಪ್ಪನವರಂಥವರ ದುಡಿಮೆಯಿಂದ ಶಾಲೆಗಳಲ್ಲಿ ಕನ್ನಡ ನೆಲೆಯೂರತೊಡಗಿತ್ತು. ಕನ್ನಡದಲ್ಲಿ ಅರ್ಜಿ ಬರೆಯುವುದೇ ಕಷ್ಟವಾಗಿದ್ದ ದಿನಗಳಲ್ಲಿ, ಆಗಿನ್ನೂ ಆಗಬೇಕಾಗಿದ್ದ ಒಂದು ಆಕಾಶಘಟನೆಯ ವಿಜ್ಞಾನ ಕನ್ನಡದಲ್ಲಿ ಅಚ್ಚಾಗಿತ್ತು! ನಮ್ಮ ಸಾಹಿತ್ಯಚರಿತ್ರೆಗಳು ಕಾವ್ಯ-ಕಾದಂಬರಿಗಳಿಗೆ ಕೊಟ್ಟ ಪುಟಗಳಲ್ಲಿ ಒಂದೆರಡು ಸಾಲುಗಳನ್ನು ಇಂಥ ಹೊತ್ತಗೆಗಳಿಗೆ ಕೊಡಬಾರದೆ ಎಂದು, ಮೂವತ್ತು ವರ್ಷ ಆ ಚರಿತ್ರೆಗಳನ್ನೇ ಪಾಠ ಹೇಳಿದ ನನಗೆ ಅನ್ನಿಸುತ್ತದೆ. ರಘುನಾಥಾಚಾರಿಯವರ ವಾದ ಸರಳವಾದುದು: ಹಳೆಯ ಗಣಿತವನ್ನು ಕಣ್ಣಿನ ಸಾಕ್ಷ್ಯದಿಂದ ತಿದ್ದಿಕೊಳ್ಳಬೇಕು. ಅದರಂತೆ ಅವರು ದೃಗ್ಗಣಿತ ಪಂಚಾಂಗವನ್ನು ಪ್ರಕಟಿಸಿದರು. ಸಂಪ್ರದಾಯಸ್ಥರು ಮುನಿದರು. 1880ರಲ್ಲಿ ಅವರು ತೀರಿಕೊಂಡರು.

1882ರ ಸಂಕ್ರಮಣ ನಡೆದಾಗ ಭಾರತದಲ್ಲಿ ರಾತ್ರಿ. ಅನಂತರ 122 ವರ್ಷ ಕಾಯಬೇಕಾಯಿತು. 2004ರ ಜೂನ್ 8ರಂದು ನಾವು ಕೆಲವು ಅಧ್ಯಾಪಕರು ಕಾಲೇಜಿನ ಅಂಗಳದಲ್ಲಿ ಸಣ್ಣ ದೂರದರ್ಶಕವನ್ನು ನಿಲ್ಲಿಸಿ ಬಿಳಿಯ ಹಾಳೆಯ ಮೇಲೆ ಸೂರ್ಯಬಿಂಬವನ್ನು ಬೀಳಿಸಿದೆವು. ಬಿಂಬದ ಮೂವತ್ತರಲ್ಲೊಂದು ಅಗಲದ ಕಪ್ಪು ಚುಕ್ಕೆ, ಎಳ್ಳುಕಾಳಿನಂಥದು, ಮೋಡದ ಬಿಡುವಿನಲ್ಲಿ ತೆವಳುತ್ತಿತ್ತು. ಬೆಳ್ಳಿಯನ್ನು ಕಪ್ಪಾಗಿ ಕಂಡದ್ದು ಅಂದೇ ಮೊದಲು. ನೆರೆಮನೆಯ ಒಬ್ಬ ಹಿರಿಯರು ಗ್ರಹಣದಂತೆ ಇದಕ್ಕೂ ಸ್ನಾನವಿದೆಯೆ ಎಂದು ಕೇಳಿದರು. ಧರ್ಮಶಾಸ್ತ್ರದಲ್ಲಿ ಇದಕ್ಕೆ ವಿಧಿಯೇ ಇಲ್ಲವೆಂದು ತಿಳಿದ ಮೇಲೆ ಸಮಾಧಾನದಿಂದ ಬಂದು ಹಾಳೆಯ ಮೇಲೆ ಬಗ್ಗಿ ನೋಡಿದರು.

ಎಂಟು ವರ್ಷಗಳ ತರುವಾಯ, 2012ರ ಜೂನ್ 6ರಂದು, ಅದೇ ನೋಟ ಮರುಕಳಿಸಿತು. ಮುಂದಿನದು 2117ರ ಡಿಸೆಂಬರ 11ಕ್ಕೆ. ನಮ್ಮ ಕಡೆ ಹೊತ್ತು ಹುಟ್ಟುವಾಗಲೇ ಚುಕ್ಕೆ ಬಿಂಬದ ಮೇಲಿರುತ್ತದೆ. ಅಷ್ಟರೊಳಗೆ ನಮ್ಮ ನೌಕೆಯೊಂದು ಅಲ್ಲಿಗೆ ಹೋಗಬೇಕೆಂಬ ಸಂಕಲ್ಪವಿದೆ. 2024ರ ಸೆಪ್ಟೆಂಬರ 18ರಂದು ಕೇಂದ್ರ ಸಂಪುಟ ಶುಕ್ರವನ್ನು ಸುತ್ತುವ ನೌಕೆಗೆ 1,236 ಕೋಟಿ ರೂಪಾಯಿಗಳ ಒಪ್ಪಿಗೆ ಕೊಟ್ಟಿತು. ಉಡಾವಣೆಗೆ ಗೊತ್ತುಮಾಡಿದ ಕಾಲ 2028ರ ಮಾರ್ಚ್. ಅದು ಹೊರಡುವ ಗಳಿಗೆಯನ್ನು ನಿರ್ಣಯಿಸುವುದೂ ಆ 584 ದಿನಗಳ ಲೆಕ್ಕವೇ. 2028ರ ಜೂನ್ 1ರ ಸುಮಾರಿಗೆ ಶುಕ್ರ ಭೂಮಿಗೆ ಅತಿ ಸಮೀಪ ಬರುತ್ತದೆ. ಆಗಲೂ ಕೆಲವು ದಿನ ಪಂಚಾಂಗದಲ್ಲಿ ಅಸ್ತವೆಂದೇ ಬರೆದಿರುತ್ತದೆ.