ಮಣಿಸರಗಳ ಬಾಳಿಕೆ, ತುಂಡಾಗುವ ಕಾರಣಗಳು ಮತ್ತು ಗ್ರಾಹಕರಿಗೆ ಲಭ್ಯವಿರುವ ಪರಿಹಾರ

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಗಾಜು, ಪ್ಲಾಸ್ಟಿಕ್, ಮರ, ಲೋಹ ಮತ್ತು ಬೀಜಗಳ ಮಣಿಗಳನ್ನು ಪೋಣಿಸಿ ತಯಾರಿಸಿದ ಸರಗಳು ಸಂತೆ, ಜಾತ್ರೆ, ಬಳೆ ಅಂಗಡಿ, ಕರಕುಶಲ ಮಳಿಗೆ ಹಾಗೂ ಅಂತರಜಾಲ ಮಾರಾಟ ತಾಣಗಳಲ್ಲಿ ವ್ಯಾಪಕವಾಗಿ ಮಾರಾಟವಾಗುತ್ತಿವೆ. ನಿತ್ಯ ಧರಿಸುವ ಕರಿಮಣಿ ಸರ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳ ಸರ, ಲಂಬಾಣಿ ಮಹಿಳೆಯರ ಬಹುವರ್ಣದ ಮಣಿಸರ, ಒಂದು ಗ್ರಾಂ ಚಿನ್ನದ ಲೇಪನವುಳ್ಳ ಸರ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ.

ಇಂತಹ ಸರಗಳು ಕೊಂಡ ಕೆಲವೇ ದಿನಗಳಲ್ಲಿ ತುಂಡಾದಾಗ, ಬೆಲೆ ಅಲ್ಪವೆಂಬ ಕಾರಣದಿಂದ ಬಹುಪಾಲು ಗ್ರಾಹಕರು ದೂರು ನೀಡದೆ ಸುಮ್ಮನಾಗುತ್ತಾರೆ. ಆದರೆ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಲ್ಲಿ ದೂರು ನೀಡಲು ಸರಕಿಗೆ ಕನಿಷ್ಠ ಬೆಲೆಯನ್ನು ನಿಗದಿಪಡಿಸಿಲ್ಲ. ನೂರು ರೂಪಾಯಿಯ ಸರಕ್ಕೂ ಈ ಅಧಿನಿಯಮವು ಅನ್ವಯಿಸುತ್ತದೆ. ತುಂಡಾದ ಸರದ ಬಿಡಿಮಣಿಗಳು ಚಿಕ್ಕ ಮಕ್ಕಳ ಪ್ರಾಣಕ್ಕೆ ಅಪಾಯ ಒಡ್ಡಬಹುದಾದ್ದರಿಂದ, ಇದನ್ನು ಕೇವಲ ಹಣದ ನಷ್ಟವೆಂದು ಪರಿಗಣಿಸಲಾಗದು.

2. ಸರವು ತುಂಡಾಗಲು ಕಾರಣಗಳು

ಮಣಿಸರದಲ್ಲಿ ಮಣಿ, ಎಳೆ (ದಾರ ಅಥವಾ ತಂತಿ) ಮತ್ತು ಕೊಂಡಿ ಎಂಬ ಮೂರು ಮುಖ್ಯ ಭಾಗಗಳಿರುತ್ತವೆ. ಸಾಮಾನ್ಯವಾಗಿ ಮಣಿ ಒಡೆಯುವುದಕ್ಕಿಂತ ಮೊದಲೇ ಎಳೆ ಅಥವಾ ಕೊಂಡಿ ಸೋಲುತ್ತದೆ. ಪ್ರಮುಖ ಕಾರಣಗಳು ಈ ಕೆಳಕಂಡಂತಿವೆ.

ಅ) ರಂಧ್ರದ ಅಂಚಿನಿಂದ ಉಂಟಾಗುವ ಸವೆತ: ಧರಿಸಿದವರು ಚಲಿಸಿದಂತೆಲ್ಲ ಮಣಿಯು ದಾರದ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ರಂಧ್ರದ ಅಂಚು ಹರಿತವಾಗಿದ್ದಲ್ಲಿ ಅದು ದಾರವನ್ನು ಕ್ರಮೇಣ ಕತ್ತರಿಸುತ್ತದೆ. ಆಂಧ್ರಪ್ರದೇಶದ ಪಾಪಾನಾಯುಡುಪೇಟೆಯ ಸಾಂಪ್ರದಾಯಿಕ ಪದ್ಧತಿಯಲ್ಲಿ ಗಾಜನ್ನು ಕೊಳವೆಯಾಗಿ ಎಳೆದು, ಸಣ್ಣ ತುಂಡುಗಳಾಗಿ ಕತ್ತರಿಸಿ, ಆ ತುಂಡುಗಳನ್ನು ಬೂದಿಯೊಂದಿಗೆ ಮತ್ತೆ ಕಾಯಿಸಿ ಅಂಚುಗಳನ್ನು ದುಂಡಗಾಗಿಸಲಾಗುತ್ತದೆ. ಈ ಕೊನೆಯ ಹಂತವು ಸಮರ್ಪಕವಾಗಿ ನಡೆಯದ ಮಣಿಗಳಲ್ಲಿ ಅಂಚು ಹರಿತವಾಗಿಯೇ ಉಳಿಯುತ್ತದೆ. ಲೋಹದ ಮಣಿಗಳಲ್ಲಿಯೂ ಇದೇ ತೊಂದರೆ ಕಂಡುಬರುತ್ತದೆ.

ಆ) ದಾರದ ಗುಣ: ಹತ್ತಿ ದಾರವು ಬೆವರು ಮತ್ತು ನೀರನ್ನು ಹೀರಿ ಕಾಲಕ್ರಮದಲ್ಲಿ ಕೊಳೆಯುತ್ತದೆ. ರೇಷ್ಮೆ ದಾರವು ಮೃದುವಾಗಿದ್ದು ಗಂಟು ಹಾಕಲು ಯೋಗ್ಯವಾಗಿದೆ. ಆದರೆ ತೇವ ಮತ್ತು ಬೆವರಿನಿಂದ ದುರ್ಬಲಗೊಳ್ಳುತ್ತದೆ. ನೈಲಾನ್ ದಾರವು ಗಟ್ಟಿಯಾಗಿದ್ದರೂ ದೀರ್ಘಕಾಲ ಬಿಸಿಲಿಗೆ ಒಡ್ಡಿದಲ್ಲಿ ಪೆಡಸಾಗುತ್ತದೆ. ರಬ್ಬರಿನಂತೆ ಹಿಗ್ಗುವ ದಾರವು ಪದೇ ಪದೇ ಎಳೆಯುವುದರಿಂದ ಸಡಿಲಗೊಂಡು, ಯಾವ ಮುನ್ಸೂಚನೆಯೂ ಇಲ್ಲದೆ ತುಂಡಾಗುತ್ತದೆ. ನೈಲಾನ್ ಹೊದಿಕೆಯುಳ್ಳ ಸಣ್ಣ ಉಕ್ಕಿನ ತಂತಿಯು ಭಾರವಾದ ಮಣಿಗಳನ್ನು ತಡೆಯಬಲ್ಲದು. ಆದರೆ ಒಮ್ಮೆ ಮಡಿಕೆ ಬಿದ್ದ ಸ್ಥಳದಲ್ಲಿ ಅದರ ಬಲ ಕುಗ್ಗುತ್ತದೆ.

ಇ) ತಂತಿಯ ಕುಣಿಕೆ ಬಿಚ್ಚಿಕೊಳ್ಳುವುದು: ಪ್ರತಿ ಮಣಿಯನ್ನೂ ತುಂಡು ತಂತಿಯಲ್ಲಿ ಪೋಣಿಸಿ, ಎರಡೂ ತುದಿಗಳನ್ನು ಕುಣಿಕೆಯಾಗಿ ಮಡಿಸಿ ಜೋಡಿಸಿದ ಕರಿಮಣಿ ಸರಗಳು ಬಳಕೆಯಲ್ಲಿವೆ. ಕೂದಲು ಅಥವಾ ಸೆರಗಿಗೆ ಸಿಲುಕಿ ಎಳೆದಾಗ ಕುಣಿಕೆಯ ಬಾಯಿ ತೆರೆದುಕೊಳ್ಳುತ್ತದೆ. ಒಂದೇ ಸ್ಥಳದಲ್ಲಿ ಹಲವು ಬಾರಿ ಬಾಗಿದ ತಂತಿಯು ಬಳಲಿ ಮುರಿಯುತ್ತದೆ.

ಈ) ಕೊಂಡಿಯ ದೋಷ: ಕೊಂಡಿಗೆ ಜೋಡಿಸಿದ ಸಣ್ಣ ಉಂಗುರದ ಬಾಯಿ ಪೂರ್ಣವಾಗಿ ಕೂಡಿರದಿದ್ದಲ್ಲಿ ದಾರವು ಅಲ್ಲಿಂದ ಜಾರುತ್ತದೆ. ತುದಿಯಲ್ಲಿ ಒತ್ತಿ ಕೂರಿಸಿದ ಲೋಹದ ಮಣಿಯನ್ನು ಅತಿಯಾಗಿ ಒತ್ತಿದ್ದರೆ ತಂತಿ ಕತ್ತರಿಸುತ್ತದೆ. ಕಡಿಮೆ ಒತ್ತಿದ್ದರೆ ತಂತಿ ಹೊರಬರುತ್ತದೆ.

ಉ) ರಾಸಾಯನಿಕಗಳ ಪರಿಣಾಮ: ಬೆವರು, ಎಣ್ಣೆ, ಸಾಬೂನು ಮತ್ತು ಸುಗಂಧದ್ರವ್ಯಗಳು ಲೇಪನವನ್ನು ಕೆಡಿಸುತ್ತವೆ. ಚನ್ನಪಟ್ಟಣದ ಮಣಿಗಳ ಮೇಲಿನ ಅರಗು ಮದ್ಯಸಾರದಲ್ಲಿ ಕರಗುವ ಹಾಗೂ ಶಾಖಕ್ಕೆ ಮೆದುವಾಗುವ ವಸ್ತುವಾದ್ದರಿಂದ, ಸುಗಂಧದ್ರವ್ಯ ಅಥವಾ ಕೈಗೆ ಹಚ್ಚುವ ಸ್ಯಾನಿಟೈಸರ್ ತಗುಲಿದಲ್ಲಿ ಅದರ ಹೊಳಪು ಹಾಳಾಗುತ್ತದೆ. ಪ್ಲಾಸ್ಟಿಕ್ ಮುತ್ತುಗಳ ಹೊರಪದರವು ಸಿಪ್ಪೆಯಂತೆ ಏಳುವುದೂ ಇದೇ ಬಗೆಯ ಕಾರಣಗಳಿಂದ.

ಕರಿಮಣಿ ಸರ ತುಂಡಾಗುವುದು ಅಶುಭವೆಂಬ ನಂಬಿಕೆಯಿಂದ ಕೆಲವು ಕುಟುಂಬಗಳಲ್ಲಿ ಆತಂಕ ಉಂಟಾಗುವುದುಂಟು. ವರ್ಷಗಟ್ಟಲೆ ಹಗಲಿರುಳೂ ಧರಿಸಿದ ದಾರ ಅಥವಾ ತಂತಿ ಸವೆಯುವುದು ಸಹಜ ಭೌತಿಕ ಕ್ರಿಯೆ. ಸಕಾಲದಲ್ಲಿ ಮರುಪೋಣಿಸುವುದೇ ಇದಕ್ಕೆ ಪರಿಹಾರ.

3. ಖರೀದಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

* ಸರವನ್ನು ಎರಡೂ ಕೈಗಳಲ್ಲಿ ಹಿಡಿದು ಲಘುವಾಗಿ ಎಳೆದಾಗ ಮಣಿಗಳ ನಡುವೆ ಹೆಚ್ಚು ಅಂತರ ಕಾಣಬಾರದು.
* ಮಣಿಯ ರಂಧ್ರದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಾಗ ನುಣುಪಾಗಿರಬೇಕು.
* ಮಣಿಗಳ ನಡುವೆ ಗಂಟು ಹಾಕಿರುವ ಸರವು ಉತ್ತಮ. ಗಂಟಿನಿಂದ ಮಣಿಗಳು ಒಂದಕ್ಕೊಂದು ಉಜ್ಜುವುದು ತಪ್ಪುತ್ತದೆ. ದಾರ ತುಂಡಾದರೂ ಎಲ್ಲ ಮಣಿಗಳು ಏಕಕಾಲಕ್ಕೆ ಚೆಲ್ಲುವುದಿಲ್ಲ.
* ಕೊಂಡಿಯನ್ನು ಕನಿಷ್ಠ ಮೂರು ನಾಲ್ಕು ಬಾರಿ ಹಾಕಿ ತೆಗೆದು ನೋಡಬೇಕು.
* ಪೊಟ್ಟಣದಲ್ಲಿ ಮಾರುವ ಸರವಾದಲ್ಲಿ, ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರಂತೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತೆರಿಗೆ ಒಳಗೊಂಡ ಗರಿಷ್ಠ ಚಿಲ್ಲರೆ ಮಾರಾಟ ಬೆಲೆ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಹಾಗೂ ಆಮದು ಸರಕಾದಲ್ಲಿ ಮೂಲ ದೇಶದ ಹೆಸರು ಇರುವುದನ್ನು ಗಮನಿಸಬೇಕು.
* ರಸೀದಿಯನ್ನು ತಪ್ಪದೆ ಕೇಳಿ ಪಡೆಯಬೇಕು. "ದಾರ ಗಟ್ಟಿ", "ಬಣ್ಣ ಹೋಗುವುದಿಲ್ಲ", "ಆರು ತಿಂಗಳ ಗ್ಯಾರಂಟಿ" ಎಂದು ಮಾರಾಟಗಾರರು ಹೇಳಿದಲ್ಲಿ ಅದನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳುವುದು ಸೂಕ್ತ.

4. ಬಳಕೆ ಮತ್ತು ನಿರ್ವಹಣೆ

ಸ್ನಾನ, ಈಜು ಮತ್ತು ನಿದ್ರೆಯ ಸಮಯದಲ್ಲಿ ಅಲಂಕಾರಿಕ ಸರವನ್ನು ತೆಗೆದಿಡಬೇಕು. ಸುಗಂಧದ್ರವ್ಯ ಹಾಗೂ ಪೌಡರ್ ಬಳಸಿದ ಅನಂತರವೇ ಸರ ಧರಿಸಬೇಕು. ಬಳಸಿದ ಮೇಲೆ ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬಿಸಿಲು ಬೀಳದ ಸ್ಥಳದಲ್ಲಿ ಚಪ್ಪಟೆಯಾಗಿ ಇಡಬೇಕು. ಭಾರವಾದ ಮಣಿಗಳ ಸರವನ್ನು ಮೊಳೆಗೆ ತೂಗುಹಾಕಿದಲ್ಲಿ ದಾರ ಹಿಗ್ಗುತ್ತದೆ. ನಿತ್ಯ ಧರಿಸುವ ಸರವನ್ನು ವರ್ಷಕ್ಕೊಮ್ಮೆಯಾದರೂ ಸರ ಪೋಣಿಸುವವರಲ್ಲಿ ತೋರಿಸಿ, ಅಗತ್ಯವಿದ್ದಲ್ಲಿ ಹೊಸ ದಾರದಲ್ಲಿ ಪೋಣಿಸಿಕೊಳ್ಳುವುದು ಉತ್ತಮ. ದಾರದಲ್ಲಿ ನಾರು ಎದ್ದಿರುವುದು, ಕೊಂಡಿಯ ಬಳಿ ದಾರ ಕಪ್ಪಾಗಿರುವುದು, ಮಣಿಗಳ ನಡುವೆ ಅಂತರ ಹೆಚ್ಚಿರುವುದು ಸರ ತುಂಡಾಗುವ ಮುನ್ಸೂಚನೆಗಳಾಗಿವೆ.

ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ, ಕಬ್ಬಿನ ಗಾಣ ಮುಂತಾದ ತಿರುಗುವ ಯಂತ್ರಗಳ ಬಳಿ ಕೆಲಸ ಮಾಡುವವರು ಉದ್ದನೆಯ ಸರವನ್ನು ಧರಿಸಬಾರದು.

5. ಮಕ್ಕಳ ಸುರಕ್ಷತೆ

ಗಟ್ಟಿಯಾದ ಸರವೇ ಯಾವಾಗಲೂ ಸುರಕ್ಷಿತವೆಂದು ಭಾವಿಸಬಾರದು. ತುಂಡಾಗದ ದಾರವು ತೊಟ್ಟಿಲು ಅಥವಾ ಕಿಟಕಿಯ ಸರಳಿಗೆ ಸಿಲುಕಿದಲ್ಲಿ ಮಗುವಿನ ಕುತ್ತಿಗೆಯನ್ನು ಬಿಗಿಯಬಹುದು. ತುಂಡಾಗುವ ದಾರದ ಮಣಿಗಳನ್ನು ಮಗು ನುಂಗಬಹುದು ಅಥವಾ ಅವು ಶ್ವಾಸನಾಳದಲ್ಲಿ ಸಿಲುಕಬಹುದು. ಹಲ್ಲು ಮೂಡುವ ಮಕ್ಕಳಿಗೆ ಹಾಕುವ ಮಣಿಸರಗಳಿಂದ ಸಾವು ಹಾಗೂ ಗಂಭೀರ ಗಾಯಗಳು ಸಂಭವಿಸಿದ ವರದಿಗಳ ಹಿನ್ನೆಲೆಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಪ್ರಕಟಿಸಿತು. ಶಿಶುಗಳಿಗೆ ದೃಷ್ಟಿದೋಷ ನಿವಾರಣೆಗೆಂದು ಕುತ್ತಿಗೆಗೆ ಕರಿಮಣಿ ಕಟ್ಟುವ ಕುಟುಂಬಗಳು, ಮಗು ಮಲಗುವಾಗ ಹಾಗೂ ಯಾರ ಗಮನವೂ ಇಲ್ಲದಿರುವಾಗ ಅದನ್ನು ಕಡ್ಡಾಯವಾಗಿ ತೆಗೆದಿಡಬೇಕು.

ಗುಲಗಂಜಿ ಬೀಜಗಳಿಂದ ಮಾಡಿದ ಸರವನ್ನು ಮಕ್ಕಳ ಕೈಗೆ ಕೊಡಬಾರದು. ಈ ಬೀಜದಲ್ಲಿ ಏಬ್ರಿನ್ ಎಂಬ ತೀವ್ರ ವಿಷವಿದೆ. ಬೀಜದ ಗಟ್ಟಿ ಸಿಪ್ಪೆ ಒಡೆಯದಿದ್ದಲ್ಲಿ ಅಪಾಯ ಕಡಿಮೆ. ಆದರೆ ಪೋಣಿಸಲು ರಂಧ್ರ ಕೊರೆದ ಬೀಜದಲ್ಲಿ ಆ ರಕ್ಷಣೆ ಉಳಿದಿರುವುದಿಲ್ಲ.

ಸರ ತುಂಡಾದಾಗ ಮಣಿಗಳನ್ನೆಲ್ಲ ಆಯ್ದು ಎಣಿಸಬೇಕು. ಮಗುವು ಉಸಿರಾಡಲು ಕಷ್ಟಪಡುತ್ತಿದ್ದಲ್ಲಿ, ನಿರಂತರವಾಗಿ ಕೆಮ್ಮುತ್ತಿದ್ದಲ್ಲಿ ಅಥವಾ ಗುಲಗಂಜಿ ನುಂಗಿದ ಅನುಮಾನವಿದ್ದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡಬೇಕು ಅಥವಾ ಸಮೀಪದ ಆಸ್ಪತ್ರೆಗೆ ಕರೆದೊಯ್ಯಬೇಕು.

6. ದೋಷ ಮತ್ತು ಸಹಜ ಸವೆತ

ತುಂಡಾದ ಪ್ರತಿಯೊಂದು ಸರವೂ ದೋಷಯುಕ್ತ ಸರಕೆಂದು ಪರಿಗಣಿತವಾಗುವುದಿಲ್ಲ. ಕಾನೂನಿನ ಪ್ರಕಾರ ಇರಬೇಕಾದ, ಒಪ್ಪಂದದಂತೆ ಇರಬೇಕಾದ ಅಥವಾ ಮಾರಾಟಗಾರರು ಹೇಳಿಕೊಂಡ ಗುಣಮಟ್ಟದಲ್ಲಿನ ಕೊರತೆಯೇ ಅಧಿನಿಯಮದಲ್ಲಿ ಹೇಳಿರುವ ದೋಷ. ಒಂದೆರಡು ಬಾರಿ ಧರಿಸಿದಾಗಲೇ ದಾರ ಹರಿಯುವುದು, ಕೊಂಡಿ ಕಳಚುವುದು, ನೈಲಾನ್ ದಾರವೆಂದು ಹೇಳಿ ಹತ್ತಿ ದಾರದ ಸರ ಮಾರುವುದು ದೋಷಕ್ಕೆ ಉದಾಹರಣೆಗಳು. ವರ್ಷಗಳ ಬಳಕೆಯಿಂದ ಸವೆದ ದಾರ, ಬಲವಾಗಿ ಎಳೆದದ್ದರಿಂದ ಹರಿದ ಸರ ಇವು ಸಾಮಾನ್ಯವಾಗಿ ದೋಷವೆನಿಸುವುದಿಲ್ಲ.

ರಸೀದಿ ನೀಡದಿರುವುದು ಹಾಗೂ ರಸೀದಿಯಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅಧಿನಿಯಮದ 2(47)ನೇ ಪ್ರಕರಣದಡಿ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ.

7. ಪರಿಹಾರ ಪಡೆಯುವ ವಿಧಾನ

ಹಂತ 1: ತುಂಡಾದ ಸರ, ಬಿದ್ದ ಮಣಿಗಳು, ಪೊಟ್ಟಣ ಮತ್ತು ರಸೀದಿಯನ್ನು ಜೋಪಾನವಾಗಿಡಬೇಕು. ತುಂಡಾದ ಸ್ಥಳದ ಛಾಯಾಚಿತ್ರ ತೆಗೆಯಬೇಕು. ಸರವನ್ನು ಸ್ವತಃ ದುರಸ್ತಿ ಮಾಡಬಾರದು.

ಹಂತ 2: ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ, ದುರಸ್ತಿ, ಬದಲಿ ಸರ ಅಥವಾ ಹಣ ವಾಪಸಾತಿ ಕೋರಬೇಕು. ಅಂತರಜಾಲದ ಮೂಲಕ ಕೊಂಡಿದ್ದಲ್ಲಿ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ನೀಡಬೇಕು. ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರಂತೆ ಆ ಅಧಿಕಾರಿಯು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸತಕ್ಕದ್ದು.

ಹಂತ 3: ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಶುಲ್ಕರಹಿತ ಕರೆ ಮಾಡಬಹುದು.

ಹಂತ 4: ಅನಂತರವೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ನೇರವಾಗಿ ಅಥವಾ 2025ರ ಜನವರಿ 1ರಂದು ಕಾರ್ಯಾರಂಭ ಮಾಡಿದ ಇ-ಜಾಗೃತಿ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ದೋಷ ಕಂಡುಬಂದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಸರಕಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಯಾವುದೇ ಶುಲ್ಕವಿರುವುದಿಲ್ಲ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: "ಒಮ್ಮೆ ಮಾರಿದ ವಸ್ತುವನ್ನು ಹಿಂಪಡೆಯುವುದಿಲ್ಲ" ಎಂದು ರಸೀದಿಯಲ್ಲಿ ಮುದ್ರಿಸಿದ್ದರೆ ದೂರು ನೀಡಬಹುದೇ?
ಉತ್ತರ: ನೀಡಬಹುದು. ಇಂತಹ ಮುದ್ರಣದ ಕಾರಣದಿಂದ ದೋಷಯುಕ್ತ ಸರಕಿನ ಬಗ್ಗೆ ದೂರು ನೀಡುವ ಹಕ್ಕು ಗ್ರಾಹಕರಿಗೆ ತಪ್ಪುವುದಿಲ್ಲ.

ಪ್ರಶ್ನೆ: ಬೇರೆ ಊರಿನ ಜಾತ್ರೆಯಲ್ಲಿ ಕೊಂಡ ಸರಕ್ಕೆ ಎಲ್ಲಿ ದೂರು ನೀಡಬೇಕು?
ಉತ್ತರ: ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಆದರೆ ಮಾರಾಟಗಾರರ ಹೆಸರು ಮತ್ತು ವಿಳಾಸ ಅಗತ್ಯವಾದ್ದರಿಂದ ಜಾತ್ರೆಯಲ್ಲಿಯೂ ರಸೀದಿ ಪಡೆಯುವುದು ಮುಖ್ಯ.

ಪ್ರಶ್ನೆ: ವಕೀಲರನ್ನು ನೇಮಿಸುವುದು ಕಡ್ಡಾಯವೇ?
ಉತ್ತರ: ಇಲ್ಲ. ಗ್ರಾಹಕರು ಸ್ವತಃ ತಮ್ಮ ಅಹವಾಲನ್ನು ಮಂಡಿಸಬಹುದು.

ಪ್ರಶ್ನೆ: ಮಾರಾಟಕ್ಕೆಂದು ಸಗಟಾಗಿ ಕೊಂಡ ಸರಗಳಿಗೆ ಈ ಪರಿಹಾರ ಲಭ್ಯವೇ?
ಉತ್ತರ: ಇಲ್ಲ. ಮರುಮಾರಾಟಕ್ಕಾಗಿ ಸರಕನ್ನು ಕೊಂಡವರು ಅಧಿನಿಯಮದ ಅರ್ಥದಲ್ಲಿ ಗ್ರಾಹಕರೆನಿಸುವುದಿಲ್ಲ.

ಸಾರ್ವಜನಿಕರು ಸರವನ್ನು ಕೊಳ್ಳುವಾಗ ರಸೀದಿಯನ್ನೂ, ತುಂಡಾದಾಗ ಅದರ ಎಲ್ಲ ಭಾಗಗಳನ್ನೂ ಕಾಪಾಡಿಕೊಳ್ಳಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.